ಅಕ್ಕ ಬಚ್ಚಲಿಗೆ ಬಾಗಿಲು ಇಡಿಸಿದ್ದು

ನನ್ನ ನೆಗೆಣ್ಣಿ ಒಂದು ಗೋಡೆಯನ್ನು ಎರಡು ಸಲ ದಿಟ್ಟಿಸಿ ನೋಡಿದಳೆಂದರೆ ಆ ಗೋಡೆಯ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು! ಒಂದು ಸಲ ನೋಡಿದರೆ ಚಿಂತೆಯಿಲ್ಲ, ಸುಣ್ಣ ಬಳಿಸುವುದರಲ್ಲಿ ಮುಗಿಯುತ್ತಿತ್ತು. ಎರಡನೆಯ ಸಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆ ಓರೆ ಮಾಡಿ ನೋಡಿದಳೋ, ಮನೆಯ ಗಂಡಸರು ಮೆತ್ತಗೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ದಾರಿ ಹಿಡಿಯುತ್ತಿದ್ದರು.

ನೆಗೆಣ್ಣಿ ಎಂದರೆ ನಮ್ಮವರ ಅಣ್ಣನ ಹೆಂಡತಿ. ಎದುರಿಗೆ ‘ಅಕ್ಕಾರ’ ಎಂದು ಬಹುವಚನದಲ್ಲೇ ಕರೆಯುತ್ತಿದ್ದೆ. ಇಲ್ಲಿ ‘ಅವಳು’ ಎಂದು ಬರೆಯುತ್ತಿರುವುದು ಸಲುಗೆಯಿಂದ. ಹಾಗೆ ಬರೆಯುವ ಧೈರ್ಯ ಬಂದದ್ದೂ ಅವಳಿಂದಲೇ ಅನ್ನಿ.

ನಾನು ಹರಪನಹಳ್ಳಿ ಕಡೆಯವಳು. ಕೊಟ್ಟೂರಿನ ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬಟ್ಟೆ ಅಂಗಡಿಯ ಮನೆತನ, ಮಣ್ಣಿನ ಮಾಳಿಗೆಯ ದೊಡ್ಡ ಮನೆ. ಪಡಸಾಲೆಯಲ್ಲಿ ಎತ್ತಿನ ಗಾಡಿ ತಿರುಗಿಸಬಹುದಿತ್ತು! ದೇವರ ಕೋಣೆಗೆ ಬಾಗಿಲು, ಕಾಳಿನ ಕೋಣೆಗೆ ಬಾಗಿಲು, ಸಗಣಿಯ ಕುಳ್ಳು ಒಟ್ಟುವ ಕತ್ತಲೆ ಮೂಲೆಗೂ ಒಂದು ಬಾಗಿಲು. ಬಾಗಿಲಿಲ್ಲದ್ದು ಒಂದಕ್ಕೇ. ಬಚ್ಚಲಿಗೆ!

ಅಡುಗೆಮನೆಯ ಮೂಲೆಯಲ್ಲಿ ಒಂದು ಚಪ್ಪಡಿ ಕಲ್ಲು, ಪಕ್ಕದಲ್ಲಿ ನೀರು ಕಾಯಿಸುವ ಹಂಡೆ, ಸುತ್ತ ಸೊಂಟದೆತ್ತರದ ಮೋಟು ಗೋಡೆ, ಒಳಹೋಗುವಲ್ಲಿ ಹಗ್ಗದ ಮೇಲೆ ಇಳಿಬಿಟ್ಟ ಒಂದು ಹಳೆಯ ಸೀರೆ. ಬಚ್ಚಲೆಂದರೆ ಇಷ್ಟೇ. ಎರಡು ಮಾರು ಈಚೆಗೆ ನಮ್ಮತ್ತೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುತ್ತಲೇ ಸೀರೆಯ ಆಚೆಗಿದ್ದ ನನ್ನನ್ನು, “ಬೆನ್ನು ತಿಕ್ಕೊಂಡ್ಯೇನಬೇ?” ಎಂದು ವಿಚಾರಿಸುತ್ತಿದ್ದರು. ಬಟ್ಟೆ ಅಂಗಡಿಯವರ ಮನೆ, ಥಾನುಗಟ್ಟಲೆ ಬಟ್ಟೆ ಬಿದ್ದಿರುವ ಮನೆ, ಅಲ್ಲಿ ಹೆಂಗಸರ ಮಾನ ಕಾಯುವುದಕ್ಕೆ ಒಂದು ಹರಕು ಸೀರೆ. ಏನು ಹೇಳೋಣ!

ಗಂಡಸರು ಅಡುಗೆಮನೆಗೆ ಬರುವ ಮೊದಲು ಕೆಮ್ಮಬೇಕೆಂಬುದು ಮನೆಯ ಕಾನೂನು. ನಮ್ಮ ಭಾವನವರದು, ಅಂದರೆ ಅಕ್ಕನ ಗಂಡನದು, ಎರಡು ಸಣ್ಣ ಕೆಮ್ಮು. ನಮ್ಮವರದು ಒಂದು ಉದ್ದನೆಯದು. ಬೇಸಿಗೆಯಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತಿತ್ತು. ಚಳಿಗಾಲದಲ್ಲಿ ನಿಜವಾದ ಕೆಮ್ಮು ಬಂತೋ, ಕೆಟ್ಟಿತು! ಭಾವನವರು ಹಾಸಿಗೆಯಲ್ಲಿ ಮಲಗಿ ಕೆಮ್ಮಿದರೂ ನಾವು ಅರ್ಧ ಸೋಪಿನಲ್ಲೇ ಗಡಬಡಿಸಿ ಸೀರೆ ಸುತ್ತಿಕೊಳ್ಳುತ್ತಿದ್ದೆವು. ಅವರಿಗೆ ನೆಗಡಿ ಹಿಡಿದ ವಾರವೆಲ್ಲ ಮನೆಯ ಹೆಂಗಸರ ಜಳಕ ಎರಡು ಚೊಂಬಿಗೆ ಇಳಿಯುತ್ತಿತ್ತು.

ಹೀಗಿರಲಾಗಿ ಒಂದು ದಿನ ಆ ಸೀರೆಯನ್ನು ಕರು ತಿಂದಿತು.

ತಿಂದಿತೆಂದರೆ ಪೂರಾ ತಿನ್ನಲಿಲ್ಲ. ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು ಒಳಗೆ ಬಂದು, ಸೀರೆಯ ಅಂಚನ್ನು ಬಾಯಲ್ಲಿಟ್ಟು ಜಗಿಯುತ್ತ ನಿಂತಿತ್ತು. ಅತ್ತೆ “ಹೋಯ್!” ಎಂದು ಊದುಗೊಳವೆ ಎತ್ತಿದ್ದೇ ತಡ, ಬೆದರಿದ ಕರು ಸೀರೆಯ ಸಮೇತ ಪಡಸಾಲೆ ದಾಟಿ ಬೀದಿಗೆ ಓಡಿತು. ಬಚ್ಚಲಲ್ಲಿ ಅಕ್ಕ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಿದ್ದಳು. ಪಡಸಾಲೆಯಲ್ಲಿ ಭಾವನವರು, ನಮ್ಮವರು, ಜೊತೆಗೆ ಊರಿಂದ ಬಂದಿದ್ದ ಇಬ್ಬರು ಬೀಗರು. ಇದೇನು ಗದ್ದಲವೆಂದು ನಾಲ್ವರೂ ಎದ್ದು ಅಡುಗೆಮನೆಯ ಕಡೆ ಹೊರಟರು. ಬೇರೆ ಯಾರಾದರೂ ಆಗಿದ್ದರೆ ಮುದುಡಿ ಕೂತು ಅಳುತ್ತಿದ್ದರೇನೋ. ಅಕ್ಕ ಒಳಗಿನಿಂದ ಗುಡುಗಿದಳು:

“ಯಾರೂ ಒಳಗ ಬರಬ್ಯಾಡ್ರಿ! ಬಂದ್ರ ನಾನಾ ಹೊರಗ ಬರ್ತೀನಿ ನೋಡ್ರಿ!”

ಬೀಗರು ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಬೀದಿಗಿಳಿದರು.

ಆ ಸಂಜೆ ಅವಳು ಮೋಟು ಗೋಡೆಯನ್ನು ಒಂದು ಸಲ ನೋಡಿದಳು. ಆಮೇಲೆ ಎರಡನೆಯ ಸಲವೂ ನೋಡಿದಳು. ಊಟಕ್ಕೆ ಕೂತವರ ಎದುರು ನಿಂತು ಹೇಳಿದಳು: “ಈ ಮೋಟು ಗ್ವಾಡಿ ಕೆಡವಿ, ಮಾಳಿಗಿ ಮಟ ಹೊಸ ಗ್ವಾಡಿ ಏರಸ್ತೀನಿ. ಬಾಗಲ ಇಡಸ್ತೀನಿ. ಒಳಗ ಚಿಲಕ.”

ಭಾವನವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ಬಹಳ ಒಳ್ಳೆಯ ಮನುಷ್ಯ. ಆದರೆ ‘ದ್ರ’ ಹಚ್ಚದೆ ಅವರ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

“ಲೇ, ಮಾಳಿಗಿ ಕುಸದ್ರ? ಸಿಮೆಂಟು ಸಿಗಲಿಲ್ಲಂದ್ರ? ಗೌಂಡಿ ನಡುವ ಬಿಟ್ಟು ಹೋದ್ರ? ಅಲ್ಲೀಮಟ ಜಳಕಕ್ಕ ಎಲ್ಲಿ ಹೋಗೋದು? ಮಂದಿ ಏನರ ಅಂದ್ರ?”

“ಮುಗೀತೋ, ಇನ್ನಾ ಐತೋ?”

ಭಾವನವರು ಸ್ವಲ್ಪ ಯೋಚಿಸಿದರು. “ಹಾವು ಬಂದ್ರ?”

“ಹಾವಿಗೆ ಈಗ ಬಾಗಲಾ ಇಲ್ಲರೀ, ಆರಾಮ ಬಂದು ಹೋಗ್ತೈತಿ. ಬಾಗಲ ಇಟ್ಟ ಮ್ಯಾಲ ಬಾಗಲ ಬಡದು ಬರಲಿ!” ಎಂದಳು ಅಕ್ಕ. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ ಸೇರಿಸಿದಳು: “ತಾಳಿ ಕಟ್ಟಾಗ ಒಂದು ಸಲ ನೀವು ‘ದ್ರ’ ಅಂದಿದ್ರ ನಾನು ಪಾರಾಗಿರ್ತಿದ್ದೆ.”

ಗೋಡೆ ಕಟ್ಟುವ ಗೌಂಡಿ ಬಂದ. ಅವನು ಹಾರೆ ಎತ್ತಿದಾಗ ಭಾವನವರು ಪಡಸಾಲೆಯಿಂದ ಇಣುಕುತ್ತ, “ಮಾಳಿಗಿ, ಮಾಳಿಗಿ” ಎನ್ನುತ್ತಿದ್ದರು. ಅಕ್ಕ ಮೊರದಲ್ಲಿ ಅಕ್ಕಿ ತೆಗೆದುಕೊಂಡು ಬಂದು, ಬಚ್ಚಲ ಮಗ್ಗುಲಲ್ಲೇ ಮಣೆ ಹಾಕಿ ಕೂತು ಕಲ್ಲು ಆರಿಸತೊಡಗಿದಳು. “ಮಾಳಿಗಿ ಕುಂದ್ರೋದಾದ್ರ ನನ್ನ ಮ್ಯಾಲ ಕುಂದ್ರಲಿ. ನೀ ಬಡಿಯಪ್ಪ.” ಗೌಂಡಿ ಗೋಡೆ ನೋಡಿದ, ಮಾಳಿಗೆ ನೋಡಿದ, ಮತ್ತೆ ಗೋಡೆ ನೋಡಿದ. ಹಾರೆ ಕೆಳಗಿಟ್ಟು ಭಾವನವರಿಗೆ ಹೇಳಿದ: “ಯಜಮಾನ್ರ, ಈ ಗ್ವಾಡಿ ಮಾಳಿಗಿನ್ನ ಮುಟ್ಟೇ ಇಲ್ಲಲ್ರೀ! ಇದನ್ನ ತಗದ್ರ ಮಾಳಿಗಿಗೆ ಗೊತ್ತೂ ಆಗಂಗಿಲ್ಲ.”

ಸೊಂಟದೆತ್ತರದ ಗೋಡೆ ತಲೆಯ ಮೇಲಿನ ಮಾಳಿಗೆಯನ್ನು ಹೊತ್ತಿದೆಯೆಂದು ಆ ಮನೆಯವರು ಅದೆಷ್ಟು ವರ್ಷ ನಂಬಿಕೊಂಡು ಬಂದಿದ್ದರೋ! ನಾನು ನಕ್ಕೆ. ಆಮೇಲೆ ಯೋಚಿಸಿದೆ. ನಾನೂ ಹಾಗೆಯೇ ನಂಬಿದ್ದೆನಲ್ಲ!

ಇನ್ನು ಸಿಮೆಂಟು. ಆಗ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು, ಪರ್ಮಿಟ್ಟಿಗೆ ಅರ್ಜಿ ಬೇಕಿತ್ತು, ಅರ್ಜಿ ಕೊಡುವುದಕ್ಕೆ ಗಂಡಸು ಬೇಕಿತ್ತು. ನಮ್ಮ ಗಂಡಸರಿಗೆ ಆ ವಾರ ಅಂಗಡಿಯಲ್ಲಿ ಇನ್ನಿಲ್ಲದ ಕೆಲಸ! ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ತಾನೇ ಕಚೇರಿಗೆ ಹೋದಳು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಎದಕ್ಕ ಬೇಕಮ್ಮ ಸಿಮೆಂಟು?” ಎಂದರು.

“ಬಚ್ಚಲಕ್ಕ.”

“ಮನಿ ಕಟ್ಟೋರಿಗೆ ಮೊದಲ ಕೊಡಬೇಕಾಗೈತಿ. ಬಚ್ಚಲಂದ್ರ...”

“ಯಾಕ್ರಿ, ಬಚ್ಚಲು ಮನಿಯಾಗ ಬರಂಗಿಲ್ಲೇನು? ನೀವು ಜಳಕ ಎಲ್ಲಿ ಮಾಡ್ತೀರಿ? ಕಚೇರ್ಯಾಗ?”

ಸುತ್ತ ಕೂತವರು ಕಡತಗಳಲ್ಲಿ ಮುಖ ಮುಚ್ಚಿಕೊಂಡರು. ಗುಮಾಸ್ತರೂ ನಕ್ಕುಬಿಟ್ಟರು. ‘ಬಚ್ಚಲು’ ಎಂಬಲ್ಲಿ ‘ಮನೆ ದುರಸ್ತಿ’ ಎಂದು ತಾವೇ ಬರೆದುಕೊಟ್ಟರು. ಆ ಮನುಷ್ಯನ ಹೆಂಡತಿಯೂ ಯಾವುದೋ ಸೀರೆಯ ಮರೆಯಲ್ಲೇ ಮೀಯುತ್ತಿದ್ದಳೋ ಏನೋ!

ಕೆಲಸ ನಡೆದಷ್ಟು ದಿನ ಜಳಕಕ್ಕೆ ಏನು ಮಾಡುವುದು? ಅಕ್ಕ ಫರ್ಮಾನು ಹೊರಡಿಸಿದಳು: ಹೆಂಗಸರು ಕಾಳಿನ ಕೋಣೆಯಲ್ಲಿ, ಒಳಚಿಲಕವಿಲ್ಲದ ಬಾಗಿಲು ಮುಂದೆ ಮಾಡಿಕೊಂಡು, ಗಂಡಸರು ಹೊಲದ ಬಾವಿಯಲ್ಲಿ. ಭಾವನವರು ಮೊದಲನೆಯ ದಿನವೇ ಬಾವಿಯಿಂದ ಮುಖ ಊದಿಸಿಕೊಂಡು ಬಂದರು. ನಡೆದದ್ದನ್ನು ನಮ್ಮವರು ಹೇಳಿದರು. ಪಂಪಿನ ನೀರಿಗೆ ಭಾವನವರು ಮೈಯೊಡ್ಡಿ ಕೂತಿದ್ದಾಗ ಶೇಂಗಾ ಕೀಳುವ ಹೆಂಗಸರ ಗುಂಪು ಅದೇ ದಾರಿಯಲ್ಲಿ ಬಂತಂತೆ. ಇವರು ಓಡಿ ಜಾಲಿಗಿಡದ ಹಿಂದೆ ಪಂಚೆಯನ್ನು ಮರೆ ಹಿಡಿದು ನಿಂತರಂತೆ. ಗಾಳಿ ಬೇರೆ! ಅಕ್ಕ ಗಂಡನಿಗೆ ಒಣ ಟವೆಲ್ಲು ಕೊಡುತ್ತ ಮೃದುವಾಗಿ ಕೇಳಿದಳು: “ಯಾರೂ ಕೆಮ್ಮಲಿಲ್ಲೇನ್ರಿ?”

ಆ ದಿನದಿಂದ ಭಾವನವರೇ, “ಲಗೂನ ಮುಗಸ್ರಿ” ಎನ್ನತೊಡಗಿದರು.

ಆದರೆ ಗೌಂಡಿ ನಾಪತ್ತೆಯಾದ! ಗೋಡೆ ಎದೆಯ ಮಟ್ಟಕ್ಕೆ ಬಂದಿತ್ತು, ಒಂದು ದಿನ ಅವನು ಬರಲಿಲ್ಲ, ಎರಡನೆಯ ದಿನವೂ ಇಲ್ಲ. ವಿಚಾರಿಸಿದರೆ, “ಹಗರಿಬೊಮ್ಮನಹಳ್ಳಿಗೆ ಹೋಗ್ಯಾನ್ರಿ, ಅಲ್ಲಿ ಸ್ಟೇಷನ್ ಹತ್ರ ಒಂದು ಮನಿ ಕಟ್ಟೋ ಕೆಲಸ ಹಿಡದಾನ” ಎಂದರು. ಭಾವನವರು, “ನಾ ಹೇಳಿರಲಿಲ್ಲೇನು?” ಎಂಬ ಮುಖ ಮಾಡಿ ಕೂತರು. ಚಿಂತೆ ನಿಜವಾದಾಗ ಚಿಂತೆ ಮಾಡುವವರಿಗೆ ಎಂಥ ಸುಖ!

ಮರುದಿನ ಮೊದಲ ಬಸ್ಸಿಗೆ ಅಕ್ಕ, ಹಿಂದೆ ನಾನು. ಗೌಂಡಿ ಅಲ್ಲೇ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದ. ಅಕ್ಕ ಜಗಳವಾಡುತ್ತಾಳೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅವಳು ಜಗಳವಾಡಲಿಲ್ಲ. ಉಸುಕಿನ ಗುಡ್ಡೆಯ ಮೇಲಿದ್ದ ಅವನ ಕರಣೆಯನ್ನೂ ಗೋಡೆ ನೇರ ನೋಡುವ ಗುಂಡನ್ನೂ ಎತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. “ಆರಾಮ ಊಟ ಮಾಡಿ ಬಾರಪ್ಪ, ಅವಸರಿಲ್ಲ” ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದಳು.

“ಅಕ್ಕಾರ, ಅವನನ್ನ ಬಿಟ್ಟು ಬಂದ್ರಲ್ಲ?” ಎಂದೆ.

“ಗೌಂಡಿನ್ನ ಎಳಕೊಂಡು ಬರಾಕ ನನಗ ಶಕ್ತಿ ಎಲ್ಲೈತಿ? ಕರಣಿ ತಂದ್ರ ಹಿಂದಿಂದ ತಾನಾ ಬರ್ತಾನ.”

ಬಸ್ಸು ಹೊರಡುವ ಹೊತ್ತಿಗೆ ಒಂದು ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಓಡೋಡಿ ಬಂದ. ಅವನ ಟಿಕೆಟ್ಟನ್ನೂ ಅಕ್ಕನೇ ತೆಗೆಸಿದಳು.

ಗೋಡೆ ಮಾಳಿಗೆ ಮುಟ್ಟಿತು, ಚೌಕಟ್ಟು ಕೂತಿತು, ಬಡಗಿ ಬಂದ. ಕೊನೆಯ ಯುದ್ಧ ಶುರುವಾದದ್ದು ಆಗಲೇ. ಇಷ್ಟು ದಿನ ಬಾಯಿ ಬಿಗಿದುಕೊಂಡಿದ್ದ ನಮ್ಮತ್ತೆ, “ಚಿಲಕ ಒಳಗ ಬ್ಯಾಡ, ಹೊರಗ ಹಾಕು” ಎಂದು ಬಡಗಿಗೆ ಅಪ್ಪಣೆ ಕೊಟ್ಟರು.

“ಹೊರಗ ಹಾಕಾಕ ಅದೇನು ದನದ ಕೊಟಗಿ ಏನ್ರಿ ಅತ್ತ್ಯಾರ?” ಎಂದಳು ಅಕ್ಕ.

“ಸೊಸ್ಯಾರು ಒಳಗ ಚಿಲಕ ಜಡಕೊಂಡು ಕುಂತ್ರ ಮಂದಿ ಏನಂತಾರ? ಒಳಗ ಏನ ಮಾಡ್ತಾರ ಅಂತ ಕೇಳ್ತಾರ.”

“ಜಳಕ ಮಾಡ್ತಾರ ಅಂತ ಹೇಳ್ರಿ.”

“ಕಾಲು ಜಾರಿ ಬಿದ್ದು ಒಳಗಾ ಸತ್ರ?”

“ಸತ್ತೋಳಿಗೆ ಅವಸರ ಇರಂಗಿಲ್ಲ, ಬಾಗಲ ಒಡದು ಬರ್ರಿ. ಬದುಕಿರೋತನ ಮಾತ್ರ ಚಿಲಕ ಒಳಗಾ ಇರ್ತೈತಿ!”

ಬಡಗಿ ಇಬ್ಬರ ಮುಖವನ್ನೂ ನೋಡಿ, ಯಾರಿಗೆ ಹೆಚ್ಚು ಹೆದರಬೇಕೆಂದು ಲೆಕ್ಕ ಹಾಕಿ, ಒಳಗೇ ಹಾಕಿದ. “ನನ್ನ ಜಲ್ಮದಾಗ ಅದರೊಳಗ ಕಾಲಿಡಂಗಿಲ್ಲ” ಎಂದು ಅತ್ತೆ ಆಣೆ ಮಾಡಿದರು.

ಸಿಮೆಂಟು ಒಣಗಿ ಬಚ್ಚಲು ಬಳಕೆಗೆ ಸಿದ್ಧವಾದ ದಿನ ಅಕ್ಕ ಬೆಳಿಗ್ಗೆ ಬೇಗನೆ ಹಂಡೆಗೆ ಉರಿ ಹಾಕಿದಳು. ಮೊದಲ ಜಳಕ ಅವಳದೇ ಎಂದು ಎಲ್ಲರೂ ತಿಳಿದಿದ್ದೆವು. ಅವಳು ಅತ್ತೆಯ ಮಡಿಸೀರೆಯನ್ನು ಒಯ್ದು ಒಳಗಿನ ಗೂಟಕ್ಕೆ ಹಾಕಿ ಬಂದಳು. “ಅತ್ತ್ಯಾರ, ಹಿರೇರು ನೀವು. ಏಳ್ರಿ.”

“ನಾ ಒಲ್ಲೆ.”

“ನೀವು ಮಾಡಲಿಲ್ಲಂದ್ರ ಇವತ್ತು ಮನಿಯಾಗ ಯಾರಿಗೂ ಜಳಕಿಲ್ಲ. ಜಳಕಿಲ್ಲಂದ್ರ ಲಿಂಗಪೂಜಿ ಇಲ್ಲ. ಪೂಜಿ ಇಲ್ಲಂದ್ರ ಊಟಿಲ್ಲ. ನಿಮ್ಮ ಮಕ್ಕಳು ಉಪಾಸ ಕುಂದ್ರಲಿ.”

ಅತ್ತೆ ಗೊಣಗುತ್ತ ಎದ್ದರು. ಬಾಗಿಲ ಬಳಿ ನಿಂತು ನನಗೆ, “ನೀ ಇಲ್ಲೇ ಇರು. ನಾ ಬಾಗಲ ಬರೇ ಮುಂದಕ್ಕ ಮಾಡ್ತೀನಿ, ಚಿಲಕ ಗಿಲಕ ಹಾಕಂಗಿಲ್ಲ” ಎಂದರು. ಒಳಗೆ ಹೋದರು. ಬಾಗಿಲು ಮುಂದಾಯಿತು. ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಆಮೇಲೆ ನಿಧಾನವಾಗಿ, ತಡೆದು ತಡೆದು, ಚಿಲಕ ಸರಿದ ಸದ್ದು ಕೇಳಿತು.

ನಮ್ಮತ್ತೆಯ ಜಳಕ ದಿನವೂ ಕೋಳಿ ಕೂಗುವ ಮೊದಲೇ, ಯಾರ ಕಣ್ಣಿಗೂ ಬೀಳದಂತೆ ನಾಲ್ಕು ಚೊಂಬಿನಲ್ಲಿ ಮುಗಿಯುತ್ತಿತ್ತು. ಅಂದು ನೀರಿನ ಸದ್ದು ನಿಲ್ಲಲೇ ಇಲ್ಲ. ಒಂದು ಚೊಂಬು, ಬಹಳ ಹೊತ್ತು ಬಿಟ್ಟು ಇನ್ನೊಂದು ಚೊಂಬು. ಪಡಸಾಲೆಯಿಂದ ಭಾವನವರು ಎದ್ದು ಬಂದು ಬಾಗಿಲು ತಟ್ಟಲು ಹೋದರು. ಅಕ್ಕ ಅವರ ಕೈ ಹಿಡಿದು ತಡೆದಳು.

ಅತ್ತೆ ಹೊರಗೆ ಬಂದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಮುಖ ಕೆಂಪಾಗಿತ್ತು, ಕಣ್ಣುಗಳೂ ಕೆಂಪಾಗಿದ್ದವು. ನಮ್ಮಿಬ್ಬರನ್ನೂ ನೋಡಿದರು. ಬೇರೆ ಯಾರಿಗೂ ಕೇಳದ ಹಾಗೆ, ಸಣ್ಣ ದನಿಯಲ್ಲಿ ಹೇಳಿದರು:

“ಈ ಮನಿಗೆ ಬಂದ ಮ್ಯಾಲ ಇವತ್ತ ನೋಡ್ರಬೇ, ಮೈಮ್ಯಾಲಿನ ಸೀರಿ ಪೂರಾ ತಗದು ಜಳಕ ಮಾಡಿದ್ದು.”

ಹದಿಮೂರನೆಯ ವರ್ಷಕ್ಕೆ ಆ ಮನೆ ಸೇರಿದವರು ಅವರು. ಈಗ ಮೊಮ್ಮಕ್ಕಳಿದ್ದರು.

ಅಕ್ಕ ಒಲೆಯ ಮುಂದೆ ಮಣೆ ಹಾಕಿ ಅತ್ತೆಯನ್ನು ಕೂಡಿಸಿ, ಹಿಂದೆ ಕೂತು, ತನ್ನ ಸೆರಗಿನಿಂದಲೇ ಆ ಬಿಳಿಯ ಕೂದಲನ್ನು ಒರೆಸತೊಡಗಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ಕೂತರು.

ಬಹಳ ಹೊತ್ತಿನ ಮೇಲೆ ನಾನು, “ಅಕ್ಕಾರ, ನೀರು ಆರತಾವು. ನಿಮ್ಮ ಜಳಕ ಆಗಲಿ ಏಳ್ರಿ” ಎಂದೆ.

“ತಡಿ. ಇವರ ತಲಿ ಇನ್ನಾ ಹಸಿ ಐತಿ” ಎಂದಳು.

ಕೂದಲು ಆಗಲೇ ಒಣಗಿತ್ತು.