ಶಟರ್ ಇಲ್ಲದ ವಾರ್ಡು

ಬೊರಿವಲಿಯಿಂದ ಹೊರಟ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ಪುಣ್ಯವೆಂದುಕೊಂಡು ಯಕ್ಷಿತಾ ಡೈರಿ ಬಿಚ್ಚಿದಳು. 'ಕೊರಗಪ್ಪಜ್ಜನ ತಟ್ಟೆ ದಿನವೂ ಖಾಲಿಯಾಗುತ್ತಿದೆ, ಅಜ್ಜ ಮಾತ್ರ ಒದ್ದೆ ಸೋಪಿನ ಹಾಗೆ ಸವೆಯುತ್ತಿದ್ದಾರೆ. ತಪ್ಪು ನನ್ನ ಲೆಕ್ಕದ್ದೇ ಇರಬೇಕು. ಯಾರಿಗೂ ಹೇಳಿಲ್ಲ' ಎಂದು ಬರೆದಳು. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸಿಗೆ ಕನ್ನಡ ಬಾರದೆಂದು ಗೊತ್ತಿದ್ದರೂ ಪುಟವನ್ನು ಅಂಗೈಯಿಂದ ಮುಚ್ಚಿಕೊಂಡಳು.

ಯಕ್ಷಿತಾ ಜೋಗೇಶ್ವರಿಯ ಒಂದು ಆಸ್ಪತ್ರೆಗೆ ಹೊಸದಾಗಿ ಸೇರಿದ ಡಯಟೀಷಿಯನ್. ಯಾವ ರೋಗಿ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಬರೆದುಕೊಡುವುದು ಅವಳ ಕೆಲಸ. ಕಾಗದದ ಮೇಲೆ ಹುಲಿ. ಬಾಯಿ ಬಿಡಬೇಕಾದಾಗ ಮಾತ್ರ ಮಾತೆಲ್ಲ ಗಂಟಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿತ್ತು. ಯಾರು ಏನು ಹೇಳಿದರೂ ಹೊರಗೆ ಬರುವುದು ಒಂದೇ: 'ಆಯ್ತು.'

ಕೊರಗಪ್ಪಜ್ಜ ವಿಕ್ರೋಳಿಯಲ್ಲಿ ಕಾರ್ಖಾನೆಯ ಗೇಟಿನೆದುರು ಮೀನೂಟದ ಹೋಟೆಲೊಂದರಲ್ಲಿ ಆಯುಷ್ಯವಿಡೀ ಒಲೆ ಉರಿಸಿದವರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಇಲ್ಲಿ ಮಲಗಿದ್ದರು. ಮೂಳೆ ಕೂತಿತ್ತು, ಗಾಯ ಮಾಯುತ್ತಿರಲಿಲ್ಲ. ಗಾಯ ಮಾಯಲು ಔಷಧಿಯಷ್ಟೇ ಊಟವೂ ಬೇಕು, ಅದರಲ್ಲೂ ಪ್ರೋಟೀನ್ ಬೇಕು ಎಂದು ಓದಿ ಪಾಸಾದವಳು ಯಕ್ಷಿತಾ. ಹೆಸರುಬೇಳೆ, ಮೊಟ್ಟೆಯ ಬಿಳಿ, ಮೊಸರು, ಮೆತ್ತಗಿನ ಅನ್ನ ಎಂದು ಅಳೆದು ಸುರಿದು ಬರೆದುಕೊಟ್ಟಿದ್ದಳು. ರಕ್ತದೊತ್ತಡ ಇದ್ದುದರಿಂದ ಉಪ್ಪನ್ನು ಮುಕ್ಕಾಲು ಪಾಲು ತೆಗೆದುಹಾಕಿದ್ದಳು.

ಅಜ್ಜನಿಗೆ ಅವಳು ಹೇಳದ ಮಾತೊಂದಿತ್ತು. ಚಿಕ್ಕಂದಿನಲ್ಲಿ, ಅಪ್ಪನ ಬೆಳಗಿನ ಪಾಳಿ ಮುಗಿದ ದಿನ, ಅದೇ ಹೋಟೆಲಿನ ಮರದ ಬೆಂಚಿನಲ್ಲಿ ಕಾಲು ಆಡಿಸುತ್ತ ಕೂತು ಅವಳು ಉಂಡಿದ್ದಳು. ಕೆಂಪು ಕುಚ್ಚಲಕ್ಕಿ ಅನ್ನದ ಹಬೆ, ಬಂಗುಡೆ ಹುಳಿಯ ವಾಸನೆ, ಸ್ಟೀಲ್ ಲೋಟಗಳ ಸದ್ದು. ಮುಳ್ಳು ಬಿಡಿಸಿ ಮೀನನ್ನು ಅವಳ ತಟ್ಟೆಯ ಅಂಚಿಗೆ ಇಡುತ್ತಿದ್ದ ಅಪ್ಪನ ಬೆರಳು. ಅಡುಗೆಮನೆಯ ಕಿಂಡಿಯಿಂದ ಇಣುಕಿ, 'ಬಾಲೆಗೆ ಇನ್ನೊಂಚೂರು ಅನ್ನ ಹಾಕಿ' ಎನ್ನುತ್ತಿದ್ದ ಬೆವರಿದ ಮುಖ ಈಗ ಈ ದಿಂಬಿನ ಮೇಲಿತ್ತು. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು, ಅವಳೇ ಓಟ್ಸ್ ಬರೆದುಕೊಟ್ಟಿದ್ದಳು.

ಬೆಳಗಿನ ರೌಂಡಿನಲ್ಲಿ ಡಾಕ್ಟರ್ ಅನಿಕೇತ್ ಚಾರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. ತಟ್ಟೆ ಖಾಲಿ, ತೂಕ ಇಳಿಕೆ. ಹೊಟ್ಟೆಗೆ ಹೋದದ್ದು ಮೈಗೆ ಹತ್ತುತ್ತಿಲ್ಲ ಎಂದಾಯಿತು. ಸಂಜೆಯೊಳಗೆ ಕಾರಣ ಸಿಗದಿದ್ದರೆ ಮೂಗಿನಿಂದ ನಳಿಗೆ ಇಳಿಸಿ ದ್ರವಾಹಾರ ಕೊಡುವುದೇ ಸರಿ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಅಜ್ಜನ ಮುಖ ಸಣ್ಣಗಾಯಿತು.

"ಮೂಗಲ್ಲಿ ಊಟ ಮಾಡಿದ ಗಿರಾಕಿಯನ್ನು ನಾನು ಈವರೆಗೆ ನೋಡಿಲ್ಲ ಮಗಾ," ಎಂದರು ಮೆಲ್ಲಗೆ. "ಅದೊಂದು ಬೇಡ ಅಂತ ಹೇಳು, ಆಗ್ಲಿಕ್ಕುಂಟಾ?"

ಯಕ್ಷಿತಾ 'ಆಯ್ತು' ಎಂದಳು. ಡಾಕ್ಟರಿಗೆ ಹೇಳಲಿಲ್ಲ.

ಅವಳ ಮೇಲಿನವರು ವೈಶಾಲಿ ಮೇಡಂ. ಬೆಳಗಾವಿಯ ಕಡೆಯವರು. ಉಳಿದ ಹೊತ್ತೆಲ್ಲ ಹಿಂದಿ, ಇಂಗ್ಲಿಷು. ಸಿಟ್ಟು ಬಂದಾಗ ಮಾತ್ರ ಕನ್ನಡ. ಆ ದಿನ ಬೆಳಗ್ಗೆಯೇ ಕನ್ನಡದಲ್ಲಿ ಮಾತಾಡಿದರು. ಲೆಕ್ಕ ತಪ್ಪಿದ್ದರೆ ಈಗಲೇ ಒಪ್ಪಿಕೋ, ನಳಿಗೆ ಇಳಿದ ಮೇಲೆ ಒಪ್ಪಿದರೆ ಕೆಲಸಕ್ಕೇ ಕುತ್ತು ಎಂಬುದು ಅದರ ಸಾರ.

ಹತ್ತು ಗಂಟೆಯಿಂದಲೇ ಅಜ್ಜನ ನೆರೆಹೊರೆ ಬಂದು ಮುತ್ತಿಕೊಂಡಿತು. ಚಾಳಿನಲ್ಲಿ ಅಜ್ಜನ ಪಕ್ಕದ ಖೋಲಿಯ ವಾರಿಜಕ್ಕ, ಇದು ದೃಷ್ಟಿಯೇ ಎಂದು ತೀರ್ಮಾನಿಸಿ, ಸೆರಗಿನಿಂದ ಉಪ್ಪು ಮೆಣಸು ತೆಗೆದು ನಿವಾಳಿಸಿದಳು. ಒಂದು ಮೆಣಸು ಫ್ಯಾನಿನ ಗಾಳಿಗೆ ಹಾರಿ ಪಕ್ಕದ ಮಂಚದವನ ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಬಿದ್ದು, ಆತ ಸೀನಲೂ ಆಗದೆ ನಗಲೂ ಆಗದೆ ನರಳಿದ. ಬಿಲ್ಡಿಂಗ್ ಕೆಲಸದ ಮೇಸ್ತ್ರಿ ಮರೆಪ್ಪನ ಪ್ರಕಾರ ದೋಷವೆಲ್ಲ ಅನ್ನದ್ದು, ರೊಟ್ಟಿ ತಿನ್ನದ ಮೈಗೆ ಬಲವೆಲ್ಲಿಂದ ಬರಬೇಕು. ರಾಯಚೂರಿನಿಂದ ಬಂದ ಹೊಸದರಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು, ವರ್ಷ ಕಳೆಯುವುದರೊಳಗೆ ಅಜ್ಜನ ಹೋಟೆಲಿನಲ್ಲಿ ಮುಳ್ಳನ್ನೂ ಬಿಡದೆ ತಿಂದ ಮನುಷ್ಯ ಆತ. ಇಬ್ಬರೂ ಯಕ್ಷಿತಾಳನ್ನು ನಡುವೆ ನಿಲ್ಲಿಸಿಕೊಂಡು ನ್ಯಾಯ ಕೇಳಿದರು. ಅವಳು ಇಬ್ಬರಿಗೂ 'ಆಯ್ತು' ಎಂದಳು.

ಊಟದ ಗಾಡಿ ಬರುವ ಹೊತ್ತಿಗೆ ಅವಳಿಗೊಂದು ಉಪಾಯ ಹೊಳೆಯಿತು. ಅಡಗಿ ಕೂರುವುದು. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎದುರು ಮಂಚದ ಪರದೆಯ ಹಿಂದೆ ನಿಂತು, ಸಂದಿಯಲ್ಲಿ ಕಣ್ಣಿಟ್ಟಳು.

ತಟ್ಟೆ ಬಂತು. ಅಜ್ಜ ಎದ್ದು ಕೂತರು. ದಿಂಬಿಗೆ ಒರಗಿದ್ದ ಮುದುಕ ಹೋಗಿ ಯಾರೋ ಬೇರೆಯವರು ಬಂದ ಹಾಗಾಯಿತು. ಬೆನ್ನು ನೆಟ್ಟಗಾಯಿತು, ಟವೆಲು ಹೆಗಲಿಗೇರಿತು.

"ಮರೆಪ್ಪ, ನಿನ್ನದು ಊಟ ಆಯ್ತಾ?"

"ಇನ್ನೂ ಎಲ್ಲಿದು ಕಾಕಾ. ಸೈಟಿಂದ ಸೀದಾ ಬಂದೀನಿ."

ಬೇಳೆಯ ಬಟ್ಟಲು ಮರೆಪ್ಪನ ಕೈಗೆ ಹೋಯಿತು. ಅನ್ನ ಮೊಸರು ವಾರಿಜಕ್ಕನಿಗೆ. ಮೊಟ್ಟೆ, ಬಾಗಿಲಲ್ಲಿ ಇಣುಕಿದ ಇನ್ಯಾರದೋ ನೆಂಟನಿಗೆ. ಅವರೂ ಬೇಡವೆನ್ನಲಿಲ್ಲ. ಬೇಡವೆಂದರೆ ಅಜ್ಜ ನೊಂದುಕೊಳ್ಳುತ್ತಾರೆ, ಹೇಗೂ ತಮಗೆ ಬೇಕಾದಷ್ಟು ಉಳಿಸಿಕೊಂಡೇ ಕೊಡುತ್ತಾರೆ ಎಂದು ಒಬ್ಬೊಬ್ಬರೂ ನಂಬಿದ್ದರು. ಎಲ್ಲರೂ ಉಣ್ಣುವುದನ್ನು ಅಜ್ಜ ಕಣ್ತುಂಬ ನೋಡಿದರು. ಆ ಒಂದು ಗಳಿಗೆ ಜನರಲ್ ವಾರ್ಡಿನ ಫಿನಾಯಿಲ್ ವಾಸನೆಯೂ ಬಂಗುಡೆ ಹುಳಿಯದೇ ಅನ್ನಿಸಿ ಯಕ್ಷಿತಾಳ ಕಣ್ಣು ಒದ್ದೆಯಾಯಿತು. ಆಮೇಲೆ ಅದೇ ಕಣ್ಣು ಅಗಲವಾಯಿತು. ಅವಳ ಪ್ರೋಟೀನ್ ಪೂರ್ತಿ ಮರೆಪ್ಪನಂಥವರ ಮೈಗೆ ಹೋಗುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ.

ಎಲ್ಲರೂ ಕೈ ತೊಳೆಯಲು ಹೋದಾಗ ಹೊರಗೆ ಬಂದು ಮಂಚದ ಬಳಿ ನಿಂತಳು. ಅಜ್ಜನೇ ಅವಳ ಮುಖ ನೋಡಿ ತಿಳಿದುಕೊಂಡರು.

"ಸಿಕ್ಕಿಬಿದ್ದೆ ಅಲ್ವಾ," ಎಂದರು. "ಎಂತ ಮಾಡುವುದು ಮಾರಾಯ್ತಿ. ಅಡುಗೆಯವ ಗಿರಾಕಿಗಿಂತ ಮುಂಚೆ ಉಣ್ಣಬಾರದು. ಕೊನೆಯವನೂ ಉಂಡು ಎದ್ದು, ಶಟರ್ ಕೆಳಗೆ ಬಿದ್ದ ಮೇಲೆಯೇ ನಮ್ಮ ಊಟ. ಈಗ ಅದಕ್ಕೆ ಮೊದಲು ತುತ್ತು ಇಳಿಯುವುದೇ ಇಲ್ಲ. ಇಲ್ಲಿ ನೋಡಿದ್ರೆ ಜನ ಬರ್ತಾನೇ ಇರ್ತಾರೆ. ಶಟರೇ ಇಲ್ಲ."

ಹಾಗಾದರೆ ಜೀವ ಹಿಡಿದದ್ದು ಹೇಗೆ ಎಂದು ಕಣ್ಣಲ್ಲೇ ಕೇಳಿದಳು. ಬೆಳಗ್ಗೆ ಒಲೆ ಹಚ್ಚುವ ಮುಂಚಿನ ಚಹಾ ಬಿಸ್ಕತ್ತಿಗೆ ನಿಯಮವಿಲ್ಲವಂತೆ.

ಶಟರ್ ತಾನೇ ಬೇಕಾದದ್ದು. ಯಕ್ಷಿತಾ ಅಡುಗೆಮನೆಗೆ ಓಡಿ, ಅಂಥದೇ ಇನ್ನೆರಡು ತಟ್ಟೆ ತಂದಳು. ಒಂದು ಈ ಹೊತ್ತಿನ ಊಟ, ಇನ್ನೊಂದು ಅಜ್ಜ ಅದನ್ನೂ ಯಾರಿಗಾದರೂ ಕೊಡುವ ಹಠ ಮಾಡಿದರೆ ಇರಲಿ ಎಂದು. ವಾರಿಜಕ್ಕ, ಮರೆಪ್ಪ ಕಾರಿಡಾರಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿರುವಾಗಲೇ ಮಂಚದ ಸುತ್ತಲಿನ ಹಸಿರು ಪರದೆಯನ್ನು ಸರ್ರನೆ ಎಳೆದಳು. ಕಬ್ಬಿಣದ ಬಳೆಗಳು ಸರಳಿನ ಮೇಲೆ ಗಡಗಡ ಸದ್ದು ಮಾಡಿದವು. ಅಜ್ಜ ಆ ಸದ್ದಿಗೆ ಕಣ್ಣು ಮುಚ್ಚಿ ತಲೆದೂಗಿದರು.

"ಎಲ್ಲರದ್ದೂ ಆಯ್ತಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಿನ್ನದು?"

"ಆಯ್ತು," ಎಂದಳು. ಅದು ಸುಳ್ಳು. ಅಜ್ಜ ತಟ್ಟೆಯಿಂದ ಕೈ ಹಿಂದಕ್ಕೆಳೆದುಕೊಂಡರು. ಹಸಿದ ಮುಖ ಗುರುತಿಸುವುದರಲ್ಲೇ ತಲೆ ಹಣ್ಣಾದವರಿಗೆ ಸುಳ್ಳು ಹೇಳಬೇಡ, ಶಟರಿನೊಳಗೆ ಒಬ್ಬರು ಹಸಿದಿದ್ದರೂ ನಾನು ಉಣ್ಣೆ ಎಂದರು.

ಬೇರೆ ದಾರಿಯಿರಲಿಲ್ಲ. ಯಕ್ಷಿತಾ ಸ್ಟೂಲಿನ ಮೇಲೆ ಕೂತು, ಕೈಯಾರೆ ಬರೆದ ಊಟದ ಮೊದಲ ತುತ್ತನ್ನು ಬಾಯಿಗಿಟ್ಟಳು. ಅದು ಬಾಯಲ್ಲಿ ಗೋಡೆಯ ಸುಣ್ಣದ ಹಾಗೆ ಹರಡಿಕೊಂಡಿತು. ಬೇಳೆ ಬೇಳೆಯನ್ನು ಮರೆತಿತ್ತು, ಅನ್ನ ಅನ್ನವನ್ನು. ಎದುರಿಗೆ ಅಜ್ಜ ಬಿಡದೆ ನೋಡುತ್ತಿದ್ದರು. ಮುಖ ಕಿವುಚುವ ಹಾಗಿರಲಿಲ್ಲ. ಕಣ್ಣು ಮುಚ್ಚಿ ನುಂಗಿದಳು. ಮೊದಲ ತಟ್ಟೆ ಮುಗಿಯಿತು. "ಇನ್ನೊಂಚೂರು ಹಾಕಿಕೋ," ಎಂದು ಅಜ್ಜ ಎರಡನೆಯದರ ಅರ್ಧವನ್ನೂ ಅವಳತ್ತ ನೂಕಿದರು. ಅವಳು 'ಆಯ್ತು' ಎಂದಳು.

ಆಗ ಅಜ್ಜ ಉಳಿದದ್ದಕ್ಕೆ ಕೈ ಹಾಕಿದರು. ಒಂದು ತುತ್ತು, ಇನ್ನೊಂದು. ಗಂಟಲ ಗಂಟು ಮೇಲೆ ಕೆಳಗೆ ಆಡುವುದನ್ನು ಯಕ್ಷಿತಾ ಸೂರ್ಯೋದಯ ನೋಡುವವಳ ಹಾಗೆ ನೋಡಿದಳು.

ಅಷ್ಟರಲ್ಲಿ ಶಟರ್ ಮೇಲಕ್ಕೆ ಹೋಯಿತು.

ಪರದೆ ಸರಿಸಿ ನಿಂತವರು ವೈಶಾಲಿ ಮೇಡಂ, ಹಿಂದೆ ಡಾಕ್ಟರ್ ಅನಿಕೇತ್, ಅವರ ಹಿಂದೆ ಕತ್ತು ಉದ್ದ ಮಾಡಿಕೊಂಡ ವಾರಿಜಕ್ಕ, ಮರೆಪ್ಪ. ಡಯಟೀಷಿಯನ್ ಹುಡುಗಿಯ ಮಡಿಲಲ್ಲಿ ರೋಗಿಯ ಖಾಲಿ ತಟ್ಟೆ, ಗಲ್ಲದ ಮೇಲೆ ರೋಗಿಯ ಮೊಸರು.

"ಇಲ್ಲಿ ಹೊಂಟಿತ್ತೇನು ತಟ್ಟಿ ಊಟ?" ಎಂದರು ಮೇಡಂ, ಅಚ್ಚ ಬೆಳಗಾವಿ ಕನ್ನಡದಲ್ಲಿ.

ರೋಗಿಯ ಊಟ ಉಂಡವರನ್ನು ಮತ್ತೆ ಒಳಗೆ ಬಿಡುವುದಿಲ್ಲವೆಂಬ ನಿಯಮ ಗೊತ್ತಿದ್ದ ಮರೆಪ್ಪ ಫ್ಯಾನು ನೋಡತೊಡಗಿದ. ವಾರಿಜಕ್ಕ, ಪಾಪ ಪ್ರಾಯದ ಹುಡುಗಿ, ಹಸಿವು ಕೇಳುತ್ತದಾ ಎಂದು ಅವಳ ಪರವಾಗಿಯೇ ವಾದಿಸಿ ಗೋರಿ ಇನ್ನಷ್ಟು ಆಳವಾಗಿ ತೋಡಿದಳು. ಯಕ್ಷಿತಾ ಗಲ್ಲದ ಮೊಸರು ಒರೆಸಿಕೊಂಡಳು.

ಕಾಪಾಡಿದವರು ಅಜ್ಜ. ತುತ್ತು ಜಗಿಯುತ್ತಲೇ ಗಿರಾಕಿ, ಶಟರು, ಅಡುಗೆಯವನ ನಿಯಮ ಎಲ್ಲವನ್ನೂ ಸಾವಕಾಶ ವಿವರಿಸಿದರು. ಡಾಕ್ಟರಿಗೆ ಅರ್ಥವಾದದ್ದು ಒಂದೇ: ರೋಗಿ ಜಗಿಯುತ್ತಿದ್ದಾನೆ. ನಳಿಗೆ ಬೇಡವೆಂದು ಅಲ್ಲೇ ಬರೆದರು. ಅಜ್ಜ ದಿಂಬಿಗೊರಗಿ ಸಣ್ಣದಾಗಿ ತೇಗಿದರು.

ವೈಶಾಲಿ ಮೇಡಂ ಮಾತ್ರ ಯೋಚಿಸುತ್ತ ನಿಂತಿದ್ದರು. ಅವರ ಯೋಚನೆಗಳು ಯಾವಾಗಲೂ ಬೇರೆಯವರ ಮೈಮೇಲೆ ಬೀಳುವಂಥವು.

"ಹಂಗಾದ್ರ ನಾಳಿಂದ ಮೂರೂ ಹೊತ್ತು ನೀನಽ ಇಲ್ಲಿ ಕುಂತು ಮೊದಲ ಉಣ್ಣು," ಎಂದರು. "ಇದಽ ಊಟ, ಇಷ್ಟಽ ಅಳತಿ. ಅಜ್ಜಾ ಮನಿಗೆ ಹೋಗೂತನಾ. ಮನಿ ಡಬ್ಬಿ ಬಂದ್. ತಿಳೀತಿಲ್ಲೋ?"

ಒಳ್ಳೆಯದೇ ಆಯಿತು, ಒಣಗಿದ ಕಡ್ಡಿಗೆ ಸ್ವಲ್ಪ ಮೈ ಬರಲಿ ಎಂದಳು ವಾರಿಜಕ್ಕ. ದಿನಾ ಪುಕ್ಕಟೆ ಊಟ, ತಂಗಿ ಪುಣ್ಯ ಮಾಡಿದ್ದಳೆಂದ ಮರೆಪ್ಪ. ಅಜ್ಜ ಬಾಯಿ ಅಗಲಿಸಿ, ಹಳೇ ಗಿರಾಕಿ ಕಂಡವರ ಹಾಗೆ ನಕ್ಕರು.

ರೂಢಿಯಂತೆ 'ಆಯ್ತು' ಎದ್ದು ಯಕ್ಷಿತಾಳ ನಾಲಗೆಯವರೆಗೆ ಬಂತು. ಅಲ್ಲಿ ಇನ್ನೂ ಅಂಟಿಕೊಂಡಿದ್ದ ಬೇಳೆಯ ಮೇಲೆ ಕಾಲಿಟ್ಟು ಜಾರಿಬಿತ್ತು. ಇಡೀ ವಾರ್ಡಿಗೆ ಕೇಳಿಸಿದ್ದು ಬೇರೆಯೇ ಮಾತು.

"ಮೇಡಂ, ಈ ಊಟ ಬಾಯಿಗಿಡಲಿಕ್ಕೆ ಆಗುವುದಿಲ್ಲ."