ನಮ್ಮನೆಯವರೂ ಲಿನಕ್ಸಿನ ಹೊಸ ರಿಲೀಸುಗಳೂ

ಬೇರೆಯವರ ಮನೆಗೆ ಆಗಾಗ ನೆಂಟರು ಬರ್ತಾರೆ, ನಾಲ್ಕು ದಿನ ಇದ್ದು ಹೋಗ್ತಾರೆ. ನಮ್ಮನೆಗೆ ಆರು ತಿಂಗಳಿಗೊಮ್ಮೆ ಲಿನಕ್ಸ್ ಬರುತ್ತೆ, ಇನ್ನೊಂದು ಬರೋವರೆಗೂ ಹೋಗಲ್ಲ. ಹಂಗಾಗಿ ನಗೆಪಾಟಲಿನ ಪ್ರಸಂಗಗಳಿಗೆ ನಮ್ಮಲ್ಲಿ ಯಾವತ್ತೂ ಬರ ಇಲ್ಲ.

ಮೊದಲು ವಿಷಯ ಹೇಳಿಬಿಡ್ತೀನಿ. ಸಕಲೇಶಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಅರ್ಜಿ, ಕರಪತ್ರ, ಲಗ್ನಪತ್ರಿಕೆ ಟೈಪ್ ಮಾಡಿ ಪ್ರಿಂಟ್ ಹಾಕಿಕೊಡೋದು. ಜೊತೆಗೊಂದು ಎಸ್‌ಟಿಡಿ ಫೋನು. ಇರೋದು ಒಂದೇ ಕಂಪ್ಯೂಟರು. ಅಂಗಡಿ ನನ್ನದು, ಹುಚ್ಚು ನಮ್ಮನೆಯವರದ್ದು. ಅವರು ಆನೇಮಹಲ್ ಕಡೆ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು.

ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸೋ ಒಂದು ವ್ಯವಸ್ಥೆ. ಪುಕ್ಕಟೆ ಸಿಗುತ್ತೆ, ಕಂಪ್ಯೂಟರ್ ಪತ್ರಿಕೆಯ ಜೊತೆ ಸಿಡಿ ಬರುತ್ತೆ. ಹೊಸ ರಿಲೀಸಿನ, ಅಂದರೆ ಹೊಸ ಆವೃತ್ತಿಯ, ಸಿಡಿ ಬಂತು ಅಂದರೆ ಆ ಭಾನುವಾರವೇ ಹಳೆಯದನ್ನು ಅಳಿಸಿ ಹೊಸದು ಹಾಕಬೇಕು, ಇಲ್ಲದಿದ್ದರೆ ಅವರಿಗೆ ಊಟ ಸೇರಲ್ಲ. ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ನನ್ನ ಕಂಪ್ಯೂಟರಿನ ಗುರುತೇ ನನಗೆ ಸಿಗೋದಿಲ್ಲ. ನಾನು ಕೇಳೋದು ಇಷ್ಟೇ: ನಿನ್ನೆ ಇದ್ದಂಗೆ ಇವತ್ತೂ ಇರೋ ಒಂದು ಕಂಪ್ಯೂಟರು. ಅದಿಲ್ಲ ಅಂದರೆ ಗಿರಾಕಿಗಳು ಹಾಸನದ ಬಸ್ ಹತ್ತುತ್ತಾರೆ, ನಾನು ಬಾಗಿಲು ಹಾಕ್ಕೊಂಡು ಮನೇಲಿ ಕೂರಬೇಕಾಗುತ್ತೆ.

ಪಕ್ಕದ ತೋಟ

ಮೊದಲನೇ ರಿಲೀಸ್ ಬಂದಾಗ ನಮ್ಮನೆಯವರು ಊರಿಗೆಲ್ಲ ಲಿನಕ್ಸ್ ಹಂಚೋ ಉತ್ಸಾಹದಲ್ಲಿದ್ದರು. ಅಂಗಡಿಗೆ ಕಾಲಿಟ್ಟವರನ್ನು ಕೂರಿಸಿಕೊಂಡು ಉಪದೇಶ ಶುರು. ಹಂಗೆ ಸಿಕ್ಕಿಬಿದ್ದವರು ಒಬ್ಬ ಕಾಫಿ ತೋಟದ ಗೌಡರು. ಅವರ ಆಫೀಸಿಗೆ ಆಗಷ್ಟೇ ಒಂದು ಕಂಪ್ಯೂಟರ್ ತಂದಿದ್ದರು.

ಗೌಡರು ಎಲ್ಲಾ ಕೇಳಿಸಿಕೊಂಡು, "ಇದಕ್ಕೆ ರೋಗ ಬರಲ್ವಾ?" ಅಂದರು.

"ವೈರಸ್ ಹತ್ತಿರ ಸುಳಿಯಲ್ಲ ಗೌಡ್ರೇ."

"ಆರೈಕೆ ಜಾಸ್ತಿ ಬೇಕಾ?"

"ಏನೂ ಬ್ಯಾಡ. ಹಾಕಿ ಮರೆತುಬಿಡಿ."

ಗೌಡರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಯೋಚನೆ ಮಾಡಿದರು. "ನೋಡಿ ಮೇಷ್ಟ್ರೇ, ಹೊಸ ಕಾಫಿ ಗಿಡ ತಂದೋರೆಲ್ಲ ಹಿಂಗೇ ಹೇಳೋದು. ರೋಗ ಇಲ್ಲ, ಆರೈಕೆ ಬ್ಯಾಡ, ಫಸಲು ಜಾಸ್ತಿ ಅಂತ. ನಮ್ಮಪ್ಪನ ಕಾಲದಿಂದ ನಮ್ಮದು ಒಂದೇ ಪದ್ಧತಿ. ಹೊಸಾದು ಬಂದ್ರೆ ಮೊದ್ಲು ಪಕ್ಕದ ತೋಟದೋರು ಹಾಕ್ಲಿ. ಅಲ್ಲಿ ಕಾಯಿ ಕಚ್ಚಿದ್ರೆ ನಾವೂ ಹಾಕಾದು, ಒಣಗೋದ್ರೆ ಅಯ್ಯೋ ಪಾಪ ಅನ್ನಾದು."

"ನಿಮ್ಮ ಪಕ್ಕದ ತೋಟದಲ್ಲಿ ಕಂಪ್ಯೂಟರ್ ಐತಾ ಗೌಡ್ರೇ?" ಅಂತ ನಾನು ಕೇಳಿದೆ.

ಗೌಡರು ನನ್ನನ್ನೂ ನನ್ನ ಅಂಗಡಿಯನ್ನೂ ನಿಧಾನಕ್ಕೆ ಒಂದು ಸಲ ನೋಡಿದರು. "ನೀವೇ ಅಲ್ವೇನಮ್ಮ ಪಕ್ಕದ ತೋಟ," ಅಂದರು.

ಆಮೇಲೆ ಪೇಟೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಒಂದು ಸಲ ಒಳಗೆ ಇಣುಕಿ, ನನ್ನ ಮುಖ ನೋಡಿ, "ಅಯ್ಯೋ ಪಾಪ" ಅಂದುಕೊಂಡು ಹೋಗ್ತಿದ್ದರು.

ಹಾಡಿಗೂ ಲೈಸೆನ್ಸು

ನಮ್ಮ ಪಕ್ಕದ ಮಳಿಗೆ ಲಾರಿ ಸಾಗಣೆಯ ಸಾಹೇಬರದ್ದು. ಅವರ ಲಾರಿಗಳು ಕಾಫಿ ಮೂಟೆ ಹೊತ್ತು ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗೋವು. ಅವರಿಗೆ ಹಳೇ ಹಾಡು ಅಂದರೆ ಪ್ರಾಣ. ಒಂದು ಮಧ್ಯಾಹ್ನ ಅವರ ತಮ್ಮ ತುಂಬಿಸಿಕೊಟ್ಟ ಹಾಡಿನ ಸಿಡಿ ಹಿಡಿದು ಬಂದು, "ಮೇಷ್ಟ್ರೇ, ಹೊಸಾದು ಹಾಕಿದೀರಂತೆ. ಒಂದ್ ಹಾಡು ಕೇಳ್ಸಿ," ಅಂತ ಆರಾಮಾಗಿ ಕುರ್ಚಿಯಲ್ಲಿ ಕೂತರು.

ನಮ್ಮನೆಯವರು ಸಿಡಿ ಹಾಕಿದರು. ಹಾಡುಗಳ ಹೆಸರೆಲ್ಲ ಪರದೆ ಮೇಲೆ ಸಾಲಾಗಿ ಬಂದವು. ಒತ್ತಿದರೆ ಮಾತ್ರ ಸದ್ದಿಲ್ಲ.

"ಸ್ಪೀಕರ್ ಹೋಗ್ಬುಡ್ತಾ?" ಸಾಹೇಬರು ಕೇಳಿದರು.

"ಸ್ಪೀಕರ್ ಸರಿ ಐತೆ ಸಾಹೇಬ್ರೇ. ಈ ನಮೂನೆ ಹಾಡಿನ ಫೈಲಿಗೆ ಲೈಸೆನ್ಸ್ ತೊಂದರೆ ಐತೆ. ಇದನ್ನ ಮಾಡಿದೋರು ಬಹಳ ನಿಯತ್ತಿನ ಜನ, ಕಾನೂನು ಬಿಟ್ಟು ಹೋಗಲ್ಲ. ಹಾಡು ನುಡಿಸೋ ಭಾಗಾನ ನಾವೇ ಬೇರೆ ಕಡೆಯಿಂದ ತಂದು ಹಾಕ್ಕೋಬೇಕು," ಅಂತ ನಮ್ಮನೆಯವರು ಹೆಮ್ಮೆಯಿಂದಲೇ ವಿವರಿಸಿದರು.

"ಬೇರೆ ಕಡೆಯಿಂದ ತಂದ್ರೆ ಕಾನೂನು ಒಪ್ಪುತ್ತಾ?"

"ಅದನ್ನ ಯಾರೂ ಕೇಳಲ್ಲ."

ಸಾಹೇಬರು ಸಿಡಿ ವಾಪಸು ತೆಗೆದು ಜೇಬಿಗೆ ಹಾಕಿಕೊಂಡರು. "ನಮ್ಮ ಘಾಟಲ್ಲಿ ಲೈಸೆನ್ಸ್ ಇಲ್ದೆ ಲಾರಿನೇ ಓಡಿಸ್ತಾರೆ ಮಾರಾಯ್ರೇ. ನಿಮ್ಮ ಕಂಪ್ಯೂಟರು ಲೈಸೆನ್ಸ್ ಇಲ್ದೆ ಒಂದ್ ಹಾಡು ಹೇಳಲ್ಲ ಅಂದ್ರೆ, ಇದು ನಮ್ಮೂರಲ್ಲಿ ಬಾಳೋ ಗಿರಾಕಿ ಅಲ್ಲ," ಅಂದು ಎದ್ದು ಹೋದರು.

ಹೂಮಳೆ

ಮಾರ್ಚ್ ತಿಂಗಳಲ್ಲಿ ನಮ್ಮ ಕಡೆಯ ಜನಕ್ಕೆ ಬೇರೆ ಮಾತಿಲ್ಲ. ಹೂಮಳೆ ಬಂತಾ, ಎಷ್ಟು ಬಂತು, ಅಷ್ಟೇ. ಆ ಒಂದು ಮಳೆ ಬಿದ್ದರೆ ಕಾಫಿ ಹೂವಾಗುತ್ತೆ, ತಪ್ಪಿದರೆ ವರ್ಷದ ಫಸಲಿಗೇ ಕುತ್ತು. ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಹೇಳೋದು, ನೂರು ಸೆಂಟ್ಸಿಗೆ ಒಂದು ಇಂಚು. "ನಮ್ಮಲ್ಲಿ ಎಂಬತ್ತು ಸೆಂಟ್ಸ್, ನಿಮ್ಮಲ್ಲಿ?" ಅನ್ನೋದೇ ಆಗ ಕುಶಲ ವಿಚಾರಿಸೋ ಕ್ರಮ.

ಅಂಥ ಒಂದು ಶನಿವಾರ ನಮ್ಮನೆಯವರು ಮಧ್ಯಾಹ್ನವೇ ಸ್ಕೂಲಿಂದ ಬಂದು ಹೊಸ ರಿಲೀಸಿಗೆ ಅಪ್‌ಡೇಟ್ ಇಳಿಸೋಕೆ ಕೂತಿದ್ದರು. ಆಗೆಲ್ಲ ಇಂಟರ್ನೆಟ್ಟು ಫೋನ್ ತಂತಿಯಲ್ಲೇ ಬರಬೇಕು. ಅದು ನಡೀತಿರೋವರೆಗೂ ಫೋನ್ ಸತ್ತಂಗೆ. ಮಧ್ಯೆ ಕಡಿದುಹೋದರೆ ಮತ್ತೆ ಮೊದಲಿಂದ.

ಹೊಂಗಡಹಳ್ಳದ ಕಡೆಯ ಒಬ್ಬ ತೋಟದವರು ಬಂದರು. ಆಲೂರಿನ ಹತ್ತಿರ ಅವರದ್ದೇ ಇನ್ನೊಂದು ತೋಟ ಇತ್ತು. ಅಲ್ಲಿ ಮಳೆ ಬಂದಿದೆಯಾ ಅಂತ ತೋಟದ ಲೆಕ್ಕ ನೋಡಿಕೊಳ್ಳೋ ರೈಟರ್‌ಗೆ ಫೋನ್ ಮಾಡಿ ಕೇಳಬೇಕು. ಬಂದಿಲ್ಲ ಅಂದರೆ ಪಂಪು, ಪೈಪು ಕಳಿಸಿ ಗಿಡಕ್ಕೆ ನೀರು ಹೊಡೆಸಬೇಕು.

"ಒಂದ್ ಸ್ವಲ್ಪ ಇರಿ, ಮುಗೀತಾ ಬಂತು," ಅಂದರು ನಮ್ಮನೆಯವರು.

ಅವರು ಕೂತರು. ಆಮೇಲೆ ಬಂದವರೂ ಕೂತರು. ಅಷ್ಟೂ ಜನ ಪರದೆ ಮೇಲಿನ ನೀಲಿ ಪಟ್ಟಿ ಬೆಳೆಯೋದನ್ನೇ ನೋಡೋಕೆ ಶುರು ಮಾಡಿದರು. "ತೊಂಬತ್ತಾಯ್ತು ಕಣ್ರೀ," ಅಂದರು ಒಬ್ಬರು. "ಈಗ ನಿಂತೈತೆ," ಅಂದರು ಇನ್ನೊಬ್ಬರು. ನನಗೆ ಮೈ ಉರಿದುಹೋಗ್ತಿತ್ತು. ಒಂದು ಅರ್ಜಿ ಟೈಪ್ ಮಾಡೋ ಹಂಗಿಲ್ಲ, ಒಂದು ಫೋನ್ ಮಾಡಿಸೋ ಹಂಗಿಲ್ಲ. ಇಡೀ ಅಂಗಡಿ ಅವರ ಅಪ್‌ಡೇಟಿಗೆ ಕಾವಲು ಕೂತಿತ್ತು.

ಇನ್ನೇನು ಮುಗಿಯಬೇಕು, ಹೊರಗೆ ಕತ್ತಲು ಕವಿದು ದಡ್ ಅಂತ ಗುಡುಗಿತು. ಕರೆಂಟ್ ಹೋಯ್ತು, ಫೋನ್ ಹೋಯ್ತು, ನೀಲಿ ಪಟ್ಟಿಯೂ ಹೋಯ್ತು. ಹೊರಗೆ ಧೋ ಅಂತ ಮಳೆ. ಕೂತಿದ್ದವರೆಲ್ಲ ಎದ್ದು ಬಾಗಿಲಿಗೆ ಓಡಿ, ಮುಖಕ್ಕೆ ಎರಚಲು ಹೊಡೆಸಿಕೊಂಡು ನಗ್ತಾ ನಿಂತರು. ಒಳಗೆ ನಮ್ಮನೆಯವರು ಒಬ್ಬರೇ ತಲೆ ಮೇಲೆ ಕೈಹೊತ್ತು ಕೂತಿದ್ದರು.

ಹೊಂಗಡಹಳ್ಳದವರು ಒಳಗೆ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ಈ ಮಳೆ ಆಲೂರಿಗೂ ಹೋಯ್ತದೆ ಬಿಡಿ, ನಂಗೆ ಫೋನೇ ಬ್ಯಾಡ. ಅದಿರ್ಲಿ ಮೇಷ್ಟ್ರೇ, ನಿಮ್ಮ ಅಪ್‌ಡೇಟಿಗೆ ಎಷ್ಟು ಸೆಂಟ್ಸ್ ಬಿತ್ತು?"

ಹತ್ತಕ್ಕೆ ಒಂಬತ್ತು

ಪ್ರತಿ ರಿಲೀಸ್ ಹಾಕಿದ ಮೇಲೂ ನಮ್ಮನೆಯವರು ಇಂಟರ್ನೆಟ್ಟಲ್ಲಿ ತಮ್ಮ ಅಭಿಪ್ರಾಯ ಬರೆಯೋರು. ಒಂದು ಸಲ ಬರೆದು ಮುಗಿಸಿ, "ಓದ್ತೀನಿ ಕೇಳೇ," ಅಂದರು. ಅವರು ಬರೆದಿದ್ದು ಇಷ್ಟು: ನೋಡೋಕೆ ಬಹಳ ಚೆನ್ನಾಗಿದೆ. ಬೇಗ ಶುರುವಾಗುತ್ತೆ. ಸದ್ದು ಬರಲ್ಲ. ಪ್ರಿಂಟರ್ ಒಂದೊಂದು ಸಲ ಕೆಲಸ ಮಾಡುತ್ತೆ. ಕನ್ನಡದ ಅಕ್ಷರ ಒಡೆದು ಕಾಣುತ್ತೆ. ಆಫ್ ಮಾಡೋ ಗುಂಡಿ ಇನ್ನೂ ಸಿಕ್ಕಿಲ್ಲ. ಕಂಪ್ಯೂಟರಿನ ಗಂಧಗಾಳಿ ಇಲ್ಲದ ನನ್ನ ಹೆಂಡತಿಯೂ ಸಲೀಸಾಗಿ ಬಳಸುತ್ತಿದ್ದಾಳೆ. ಒಟ್ಟಾರೆ ಹತ್ತಕ್ಕೆ ಒಂಬತ್ತು ಅಂಕ.

ಗಂಧಗಾಳಿ ಇಲ್ಲದ ಹೆಂಡತಿ ಅವತ್ತು ಒಡೆದ ಅಕ್ಷರಗಳನ್ನು ಸರಿಮಾಡೋಕೆ ಹೋಗಿ ಮಧ್ಯಾಹ್ನದ ಊಟ ಬಿಟ್ಟಿದ್ದಳು. ಆದರೂ ಸಿಟ್ಟು ತಡ್ಕೊಂಡು ಕೇಳಿದೆ, "ಹತ್ತಕ್ಕೆ ಹತ್ತೇ ಕೊಡಬೋದಿತ್ತಲ್ಲ, ಒಂದ್ಯಾಕೆ ಕಳೆದ್ರಿ?"

"ಹಿನ್ನೆಲೆ ಚಿತ್ರದ ಬಣ್ಣ ಹಿಡಿಸಲಿಲ್ಲ ಕಣೇ," ಅಂದರು.

ಅವತ್ತು ಜಗಳ ಆಯ್ತು. ಅಂಗಡಿ ಉಳಿಬೇಕಾ, ನಿಮ್ಮ ಸಿಡಿ ಉಳಿಬೇಕಾ ಅಂತ ಕೇಳಿಬಿಟ್ಟೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಇನ್ನೊಂದೇ ಒಂದು ರಿಲೀಸ್. ಅದೂ ಗಿರಾಕಿಯ ಮುಂದೆ ನನ್ನ ಮರ್ಯಾದೆ ಕಳೆದರೆ, ಲಿನಕ್ಸನ್ನು ಬೇರು ಸಮೇತ ಕಿತ್ತು ಅದಕ್ಕೂ ಮೊದಲಿದ್ದ ಹಳೇ ವ್ಯವಸ್ಥೆಯನ್ನೇ ವಾಪಸು ಹಾಕೋದು. ಅವರು ಸ್ಕೂಲಿನ ಆಣೆ ಮಾಡಿದರು.

ಮೊದಲ ಹಾಳೆ

ಆ ಇನ್ನೊಂದು ರಿಲೀಸ್ ಬಂದದ್ದು ಸರಿಯಾಗಿ ಮದುವೆ ಸೀಸನ್ನಿಗೆ. ಅದೇ ವಾರ ಮಗ್ಗೆಯಿಂದ ಒಬ್ಬ ಅಜ್ಜಿ ಮಗನ ಜೊತೆ ಬಂದರು. ಮೊಮ್ಮಗಳ ಮದುವೆ. ಹಿಂದೆ ಎರಡು ಸಲ ಕೈಗೆ ಬಂದು ತಪ್ಪಿಹೋಗಿದ್ದ ಮದುವೆ, ಹಂಗಾಗಿ ಅಜ್ಜಿ ಯಾವ ಶಾಸ್ತ್ರವನ್ನೂ ಬಿಡೋ ಹಂಗಿರಲಿಲ್ಲ. ಲಗ್ನಪತ್ರಿಕೆ ಹಂಚೋ ಮೊದಲು ಮೊದಲನೇ ಪ್ರತಿಗೆ ಅರಿಶಿನ ಹಚ್ಚಿ ಮನೆದೇವರ ಮುಂದೆ ಇಡೋದು ಎಲ್ಲರಲ್ಲೂ ಇರೋದೇ. ಅಜ್ಜಿಯದ್ದು ಇನ್ನೂ ಬಿಗಿ. ಮಿಷಿನ್ನಿಂದ ಮೊದಲು ಹೊರಗೆ ಬಂದ ಹಾಳೆಯೇ ಆಗಬೇಕು, ರಾಹುಕಾಲ ಹುಟ್ಟೋ ಮೊದಲೇ ಆಗಬೇಕು. ಅರಿಶಿನದ ಬಟ್ಟಲು ಹಿಡಿದು ಪ್ರಿಂಟರ್ ಮುಂದೆಯೇ ಕೂತುಬಿಟ್ಟರು.

ನಾನು ಪ್ರಿಂಟ್ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಪ್ರಿಂಟರ್ ಗೊರಗೊರ ಅಂದು ಸುಮ್ಮನಾಯ್ತು. ಮಗ ಗಡಿಯಾರ ನೋಡಿದರು. ನಮ್ಮನೆಯವರು ಓಡಿಬಂದು, "ತಡಿ, ಪ್ರಿಂಟರ್ ಸರಿ ಐತಾ ನೋಡಾನ," ಅಂತ ಆ ರಿಲೀಸಿನಲ್ಲೇ ಇರೋ ಪರೀಕ್ಷೆಯ ಹಾಳೆಯೊಂದನ್ನು ಕಳಿಸಿದರು. ಅದು ಮಾತ್ರ ಸಲೀಸಾಗಿ ಹೊರಗೆ ಬಂತು. ಹಾಳೆಯ ನಡುವೆ ಲಿನಕ್ಸಿನ ಗುರುತು: ಹೊಟ್ಟೆ ಬಿಟ್ಟುಕೊಂಡು ಕೂತ ಒಂದು ಪೆಂಗ್ವಿನ್ ಹಕ್ಕಿ. ಸುತ್ತ ನಾಲ್ಕು ಗೆರೆ ಇಂಗ್ಲಿಷು.

ಅಜ್ಜಿ ಫಕ್ಕನೆ ಅದನ್ನು ಎತ್ತಿಕೊಂಡು ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಬಿಟ್ಟರು.

"ಅಜ್ಜಿ, ಅದಲ್ಲ," ಅಂದೆ.

"ಮೊದ್ಲು ಬಂದಿದ್ದು ಇದೇ ತಾನೆ?"

"ಹೌದು, ಆದ್ರೆ ಇದರಲ್ಲಿ ಹುಡುಗ ಹುಡುಗಿ ಹೆಸರೇ ಇಲ್ಲ."

"ಯಾರ ಮದುವೆ ಅಂತ ದೇವರಿಗೆ ಗೊತ್ತಿಲ್ವೇನವ್ವ?" ಅಂದು ಹಾಳೆಯನ್ನು ಕಣ್ಣಿಗೊತ್ತಿಕೊಂಡರು. ಮಗ ಬಗ್ಗಿ ನೋಡಿ, "ಇದ್ಯಾವ ಹಕ್ಕಿ ಅವ್ವಾ?" ಅಂದರು. "ಯಾವ್ದೋ ದೇವರ ವಾಹನ ಇರ್ಬೇಕು ಸುಮ್ನಿರು. ಎಷ್ಟು ನೆಮ್ಮದಿಯಾಗಿ ಕೂತೈತೆ ನೋಡು," ಅಂತ ಹೇಳಿ ರಾಹುಕಾಲಕ್ಕೆ ಮೊದಲೇ ಹೊರಟೇಹೋದರು.

ಉಳಿದ ಪತ್ರಿಕೆಗಳನ್ನು ನಮ್ಮನೆಯವರು ಅವತ್ತೇ ಹಾಸನಕ್ಕೆ ಹೋಗಿ ಮಾಡಿಸಿಕೊಂಡು ಬಂದರು. ಮಾತಿಗೆ ತಪ್ಪೋ ಮನುಷ್ಯ ಅಲ್ಲ. ಹಳೇ ವ್ಯವಸ್ಥೆಯ ಸಿಡಿ ಹುಡುಕಿ ಮೇಜಿನ ಮೇಲಿಟ್ಟು, "ಮದುವೆ ಸೀಸನ್ ಮುಗಿದ ಕೂಡಲೇ ತೆಗೆದುಬಿಡ್ತೀನಿ ಕಣೇ," ಅಂದರು. ಅಲ್ಲೀವರೆಗೆ ಕೆಲಸ ನಡೀಬೇಕಲ್ಲ ಅಂತ ತಿಣುಕಾಡಿ ಪ್ರಿಂಟರನ್ನೂ ದಾರಿಗೆ ತಂದರು. ಮುಖ ಸಪ್ಪಗಾಗಿತ್ತು, ನೋಡೋಕೆ ನನಗೇ ಸಂಕಟ ಆಯ್ತು. ಆದರೂ ಬ್ಯಾಡ ಅನ್ನಲಿಲ್ಲ.

ಅಷ್ಟರಲ್ಲಿ ಮಗ್ಗೆಯ ಮದುವೆ ಒಂದು ವಿಘ್ನವೂ ಇಲ್ಲದೆ ನಡೆದುಹೋಯ್ತು. ಮುಂದಿನ ವಾರ ಆ ಸುದ್ದಿ ಕೇಳಿ ಆಲೂರಿನ ಕಡೆಯಿಂದ ಒಬ್ಬ ತಾಯಿ ಬಂದರು. ಮಗಳಿಗೆ ವರ್ಷಗಳಿಂದ ಸಂಬಂಧ ಕೂಡಿಬಂದಿರಲಿಲ್ಲ, ಈಗ ಕೂಡಿಬಂದಿತ್ತು. "ಮೊದ್ಲು ಆ ಹಕ್ಕಿ ಹಾಳೆ ಹಾಕ್ಕೊಡಿ ಅಕ್ಕಾ, ಆಮೇಲೆ ಪತ್ರಿಕೆ," ಅಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಹಾಸನಕ್ಕೆ ಹೋಗ್ತಿದ್ದವರೂ ನನ್ನ ಅಂಗಡಿಗೇ ಬರೋಕೆ ಶುರು ಮಾಡಿದರು. ಲಿನಕ್ಸ್ ತೆಗೆದರೂ ನಡೆಯಲಿ ಅಂತ ನಾನೊಂದು ಉಪಾಯ ಮಾಡಿ, ಹಕ್ಕಿಯ ಜೆರಾಕ್ಸ್ ತೆಗೆದಿಟ್ಟುಕೊಂಡೆ. ಅದನ್ನು ಕೊಡೋಕೆ ಹೋದರೆ ಪತ್ರಿಕೆಗೆ ಬಂದ ಇನ್ನೊಬ್ಬ ತಾಯಿ ಮುಖ ಗಂಟು ಹಾಕಿಕೊಂಡು, "ದೇವರಿಗೆ ಯಾರಾದ್ರೂ ಜೆರಾಕ್ಸ್ ಕೊಡ್ತಾರೇನಕ್ಕಾ?" ಅಂದರು. ನಮ್ಮನೆಯವರು ಹಳೇ ಸಿಡಿಯನ್ನು ಸದ್ದಿಲ್ಲದೆ ಎತ್ತಿ ಬೀರುವಿನಲ್ಲಿ ಇಟ್ಟರು.

ನಾನು ಸೋತೆ ಅಂತಲೇ ಅಂದುಕೊಂಡಿದ್ದೆ. ಆರು ತಿಂಗಳಾಯ್ತು, ಮುಂದಿನ ರಿಲೀಸ್ ಬಂತು. ನಮ್ಮನೆಯವರು ಅದನ್ನು ಸ್ಕೂಲಿನ ಕಂಪ್ಯೂಟರಲ್ಲಿ ಹಾಕಿ ನೋಡಿ, ಕುಣಿದುಕೊಂಡು ಸಿಡಿ ತಂದರು. ಅವತ್ತು ಅಂಗಡಿಯಲ್ಲಿ ಮಗ್ಗೆಯ ಅಜ್ಜಿ ಕೂತಿದ್ದರು. ಇನ್ನೊಬ್ಬ ಮೊಮ್ಮಗಳ ಮದುವೆ, ಮಡಿಲಲ್ಲಿ ಅರಿಶಿನದ ಬಟ್ಟಲು.

"ಏನದು ಮೇಷ್ಟ್ರೇ?"

"ಹೊಸಾದು ಅಜ್ಜಿ. ಈಗಿರೋದನ್ನ ತೆಗೆದು ಇದನ್ನ ಹಾಕ್ಬೇಕು."

"ಅದರಲ್ಲಿ ಆ ಹಕ್ಕಿ ಐತಾ?"

ಅವರು ಸುಳ್ಳು ಹೇಳೋರಲ್ಲ. "ಹಕ್ಕಿ ತೆಗೆದುಬಿಟ್ಟವ್ರೆ ಅಜ್ಜಿ. ಬಣ್ಣದ ಚಕ್ರ ಹಾಕವ್ರೆ. ಬಹಳ ಚೆನ್ನಾಗೈತೆ."

ಅಜ್ಜಿ ಎದ್ದುಬಂದು ಕಂಪ್ಯೂಟರಿಗೆ ಅಡ್ಡ ನಿಂತರು. "ನಿಮ್ಮ ಚಕ್ರ ನಿಮ್ಮ ಸ್ಕೂಲಲ್ಲೇ ಇರ್ಲಿ. ನಾಕು ಹೆಣ್ಮಕ್ಕಳ ಮದುವೆ ಮಾಡ್ಸಿರೋ ದೇವರನ್ನ ಕೂತ ಜಾಗದಿಂದ ಎಬ್ಬಿಸ್ತೀರಾ? ಇನ್ನು ಇದನ್ನ ಯಾರೂ ಮುಟ್ಟಂಗಿಲ್ಲ. ನಿಮ್ಮ ಹೆಂಡ್ತಿ ಒಬ್ಳು ಬಿಟ್ಟು."

ನಮ್ಮನೆಯವರು ನನ್ನ ಕಡೆ ನೋಡಿದರು. ನಾನು ಹೋಟೆಲಿನವನನ್ನು ಕೂಗಿ ಅಜ್ಜಿಗೆ ಒಂದು ಸ್ಟ್ರಾಂಗ್ ಕಾಫಿ ಹೇಳಿದೆ.