ಮಹಾಂತಪ್ಪನವರ ಫಿನ್ನಿಶ್ ರಜೆ

ಮೂವತ್ತೊಂದು ವರ್ಷಗಳಿಂದ ಮಹಾಂತಪ್ಪನವರಿಗೆ ರಜೆ ಸಿಕ್ಕಿರಲಿಲ್ಲ. ಹಾಗೆಂದು ಅವರು ಹೇಳುತ್ತಿದ್ದರು, ವಿದ್ಯಾವತಿ ನಂಬಿದ್ದರು. ಪೆಥಾಲಜಿಸ್ಟ್ ಆಗಿ ಜೀವಮಾನವೆಲ್ಲ ಯಾರ ಬಾಯಿಮಾತನ್ನೂ ನಂಬದೆ, ಎಲ್ಲವನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಹೆಂಗಸು, ಗಂಡನ ಈ ಒಂದು ಮಾತನ್ನು ಮಾತ್ರ ಪರೀಕ್ಷೆಗೆ ಒಳಪಡಿಸದೆ ಬಿಟ್ಟಿದ್ದರು. (ಇದು ಅವರ ಬಾಳಿನ ಮೊದಲ ತಪ್ಪು. ಎರಡನೆಯದು ಮುಂದೆ ಬರುತ್ತದೆ.)

ಷಾರ್ಲೆಟ್‌ನಲ್ಲಿರುವ ತಮ್ಮ ಸೋದರ ಗುರುಸಿದ್ದಪ್ಪನ ಮನೆಗೆ ಹೋಗೋಣವೆಂದು ವಿದ್ಯಾವತಿ ಕೇಳಿದರೆ, “ರಜಾ ಕೊಡಂಗಿಲ್ಲ ವಿದ್ಯಾ, ಏನ್ ಮಾಡ್ಲಿ?” ಗ್ಯಾರೇಜು ಖಾಲಿ ಮಾಡಿ ಎಂದರೆ, “ರಜಾ ಎಲ್ಲೈತಿ?” ಮಂಡಿನೋವಿಗೆ ಡಾಕ್ಟರನ್ನು ಕಾಣಿ ಎಂದರೂ ಅದೇ ಉತ್ತರ, ಕುಂಟುತ್ತ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕೆಲಸಗಳ ಪಟ್ಟಿ ಇದುವರೆಗೆ ಮೂರು ಫ್ರಿಜ್ಜುಗಳನ್ನು ಕಂಡಿತ್ತು.

ಮಹಾಂತಪ್ಪನವರು ಲಾರೆನ್ಸ್‌ವಿಲ್ಲಿನ ಒಂದು ಕಂಪನಿಯಲ್ಲಿ ಲಿಫ್ಟುಗಳ ಎಂಜಿನಿಯರು. ಹೋದ ವರ್ಷ ಆ ಕಂಪನಿಯನ್ನು ಫಿನ್‌ಲೆಂಡಿನವರು ಕೊಂಡುಕೊಂಡರು. ಈ ಮೇ ತಿಂಗಳಿನಿಂದ ರೋಗಲಕ್ಷಣಗಳು ಶುರುವಾದವು. ಸಂಜೆ ಐದೂ ಇಪ್ಪತ್ತಕ್ಕೆ ಡುಲುತ್‌ನ ಮನೆಯ ಮುಂದೆ ಕಾರು ಬಂದು ನಿಲ್ಲುವುದು, ಆದರೆ ಅರವತ್ತೇಳರ ಗಂಡ ಇಳಿಯುವುದಿಲ್ಲ. ಇಪ್ಪತ್ತು ನಿಮಿಷ ಒಳಗೇ ಕೂತು ತುಟಿ ಅಲ್ಲಾಡಿಸುತ್ತಾನೆ. ವಿದ್ಯಾವತಿ ಕಿಟಕಿಯಿಂದ ಪರೀಕ್ಷಿಸಿದರು. ಬಾಯಿ ಎರಡೂ ಕಡೆ ಸಮನಾಗಿ ಅಲ್ಲಾಡುತ್ತಿತ್ತು. ಪಾರ್ಶ್ವವಾಯು ಅಲ್ಲ. ಹಾಗಾದರೆ ಹೆಂಗಸೇ ಇರಬೇಕು.

ಮರುದಿನ ಒಗೆಯುವ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಮೇಲೆ ‘ಪೈವಿ, ಗುರುವಾರ ಮುಂಜಾನೆ ಏಳು’. ಕೆಳಗೆ ಯಾವುದೋ ಭಾಷೆಯ ವಾಕ್ಯಗಳು, ಗಂಡನದೇ ಕೋಳಿಕಾಲು ಅಕ್ಷರದಲ್ಲಿ. ಸೆಂಟರ್‌ವಿಲ್ಲಿನಲ್ಲಿರುವ ಮಗಳು ಶೀತಲ್‌ಗೆ ಫೋಟೊ ಹೋಯಿತು.

“ಅಮ್ಮಾ, ಇಟ್ಸ್ ಫಿನ್ನಿಶ್! ಅಪ್ಪ ಕಂಪನಿಗೋಸ್ಕರ ಕಲೀತಿದಾರೆ. ದಟ್ಸ್ ಸೋ ಕ್ಯೂಟ್!”

“ನಲವತ್ತು ವರ್ಷದಾಗ ನನ್ನ ಫೋನ್ ನಂಬರ್ ಬಾಯಿಪಾಠ ಮಾಡ್ಲಿಲ್ಲ ನಿಮ್ಮಪ್ಪ. ಈಗ ಫಿನ್ನಿಶ್ ಕಲೀತಾರ? ಕ್ಯೂಟ್ ಅಲ್ಲ ಇದು, ಸಿಂಪ್ಟಮ್.”

“ಯು ಆರ್ ಸೋ ಸಸ್ಪಿಶಿಯಸ್, ಅಮ್ಮಾ.”

“ನಾನು ಸಸ್ಪಿಶಿಯಸ್ ಇದ್ದದ್ದಕ್ಕ ಎಷ್ಟೋ ಮಂದಿ ಬದುಕಿ ಉಳದಾರ. ಫೋನ್ ಇಡು.”

ಸಂಶಯವನ್ನು ಅರ್ಧಕ್ಕೆ ಬಿಡುವುದು ಅವರ ಜಾಯಮಾನವಲ್ಲ. ನಿವೃತ್ತಿಯಾಗಿ ಎರಡು ವರ್ಷ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮನೆ ಅವರೊಬ್ಬರದೇ. ಒಂದು ಕಾಫಿ, ಒಂದು ಪುಸ್ತಕ, ಗೋಡೆ ಗಡಿಯಾರದ ಸದ್ದು. ಆ ಪವಿತ್ರ ಸಮಯದಲ್ಲಿ ದಿನಕ್ಕೆರಡು ಗಂಟೆ ಕತ್ತರಿಸಿ, ಫೋನಿನಲ್ಲಿ ತಾವೂ ಫಿನ್ನಿಶ್ ಕಲಿಯಲು ಕೂತರು. ಐದು ವಾರದಲ್ಲಿ ಗಂಡನನ್ನು ಹಿಂದೆ ಹಾಕಿದರು. ಆಮೇಲೊಂದು ಸಂಜೆ, ಕತ್ತರಿ ಹಿಡಿದು ಕಾರಿನ ಪಕ್ಕದ ಹೂಗಿಡದ ಹಿಂದೆ ನಿಂತರು.

“ನೆಲ್ಯಾ ವೀಕ್ಕೊಆ ಲೊಮಾ,” ಎನ್ನುತ್ತಿದ್ದರು ಮಹಾಂತಪ್ಪ, ಕಿಟಕಿ ಇಳಿಸಿಕೊಂಡು. ನಾಲ್ಕು ವಾರ ರಜೆ. ಜುಲೈಯಲ್ಲಿ. ಸರಿ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ವೈಮೊನಿ ಎಯ್ ತಿಯೆದಾ.”

ನನ್ನ ಹೆಂಡತಿಗೆ ಗೊತ್ತಿಲ್ಲ.

ವಿದ್ಯಾವತಿಯವರ ಕತ್ತರಿ, ಏನೂ ತಪ್ಪು ಮಾಡದ ಒಂದು ಕೊಂಬೆಯನ್ನು ಕಡಿದು ಹಾಕಿತು.

ಆ ವಾರದ ಗುರುವಾರ ಮುಂಜಾನೆ ಏಳಕ್ಕೆ ಮಹಾಂತಪ್ಪ ಮತ್ತೆ ಲ್ಯಾಪ್‌ಟಾಪ್ ಸಮೇತ ಬೇಸ್‌ಮೆಂಟಿಗೆ ಇಳಿದರು. ಹಿಂದೆಯೇ ವಿದ್ಯಾವತಿ, ಬಟ್ಟೆಯ ಬುಟ್ಟಿ ಹಿಡಿದು. (ಬಟ್ಟೆಬುಟ್ಟಿ ಹಿಡಿದ ಹೆಂಗಸನ್ನು ಜಗತ್ತಿನಲ್ಲಿ ಯಾರೂ ತಡೆದು ಕೇಳುವುದಿಲ್ಲ.) ಪರದೆಯ ಮೇಲೆ ಗಿಡ್ಡ ಕೂದಲಿನ, ಐವತ್ತು ದಾಟಿದ ಒಬ್ಬ ಹೆಂಗಸು. ಮುಖದಲ್ಲಿ ನಗೆಯ ಸುಳಿವಿಲ್ಲ. ಮಹಾಂತಪ್ಪ ತೊದಲುತ್ತ ಅವಳೂರಿನ ಹವಾಮಾನ ವಿಚಾರಿಸುತ್ತಿದ್ದರು. ಅದು ಅವರು ಗದಗಿನ ತಾಲೂಕು ಕಚೇರಿಯಲ್ಲಿ ಕಲಿತ ವಿದ್ಯೆ: ಸಾಹೇಬರನ್ನು ಅವರ ಭಾಷೆಯಲ್ಲೇ ಮಾತಾಡಿಸು, ಅವರೂರಿನ ಮಳೆಬೆಳೆ ಕೇಳು, ಆಮೇಲೆ ಅರ್ಜಿ ಮುಂದಿಡು. ಇಲ್ಲ ಅನ್ನುವುದಿಲ್ಲ.

ಹವಾಮಾನ ಮುಗಿದು ‘ಲೊಮಾ’ ಬಂದದ್ದೇ ತಡ, ಬುಟ್ಟಿ ಕೆಳಗೆ ಬಿತ್ತು.

“ಯಾರ ಜೋಡಿ ಹೊಂಟೀರಿ?”

“ಎಲ್ಲಿಗೆ? ನಾ ಎಲ್ಲೀನೂ ಹೊಂಟಿಲ್ಲ!”

“ನಾಲ್ಕ್ ವಾರ ಲೊಮಾ. ಹೆಂಡ್ತಿಗೆ ಗೊತ್ತಿಲ್ಲ. ಎಲ್ಲಾ ಕೇಳೀನಿ.”

“ನಿನಗ ಫಿನ್ನಿಶ್ ಬರ್ತದೇನು?” ಈಗ ಮಾತ್ರ ಮಹಾಂತಪ್ಪನವರ ಬಾಯಿ ಒಂದೇ ಕಡೆಗೆ ವಾಲಿತು.

ವಿದ್ಯಾವತಿ ಅದೇ ಪ್ರಶ್ನೆಯನ್ನು ಪರದೆಗೂ ಫಿನ್ನಿಶ್‌ನಲ್ಲೇ ಹಾಕಿದರು. ಪರದೆಯ ಮೇಲಿನ ಪೈವಿ, ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥೆ, ನಿಧಾನವಾದ ಸ್ಪಷ್ಟ ಫಿನ್ನಿಶ್‌ನಲ್ಲಿ ವಿವರಿಸಿದಳು. ತಮ್ಮಲ್ಲಿ ಜುಲೈ ತಿಂಗಳು ನಾಲ್ಕು ವಾರ ರಜೆ, ಎಲ್ಲರಿಗೂ, ಕಡ್ಡಾಯ. ನಿಮ್ಮ ಗಂಡ ರಜೆ ಕೇಳುತ್ತಿಲ್ಲ. ರಜೆ ಬೇಡ, ದಯವಿಟ್ಟು ಬಿಟ್ಟುಬಿಡಿ ಎಂದು ಮೂರನೆಯ ಸಲ ಬೇಡಿಕೊಳ್ಳುತ್ತಿದ್ದಾರೆ. ಹಳೆಯ ಮಾಲೀಕರೂ ಪ್ರತಿವರ್ಷ ರಜೆ ಕೊಡುತ್ತಿದ್ದರು. ಇವರು ಒಂದು ದಿನವೂ ತೆಗೆದುಕೊಂಡಿಲ್ಲ. ರಜೆ ಇದೆಯೆಂದು ಹೆಂಡತಿಗೆ ಗೊತ್ತಿಲ್ಲವಂತೆ. ಮನೆಯಲ್ಲಿ ಒಂದು ಪಟ್ಟಿ ಇದೆಯಂತೆ.

ವಿದ್ಯಾವತಿ ಕೆಳಗೆ ಬಿದ್ದ ಬುಟ್ಟಿಯನ್ನು ಎತ್ತಿ ಡ್ರೈಯರ್ ಮೇಲಿಟ್ಟರು.

“ಮೂವತ್ತೊಂದು ವರ್ಷ!” ಎಂದರು ವಿದ್ಯಾವತಿ.

“ಆಫೀಸ್‌ನಾಗ ಭಾಳ ಶಾಂತಿ ಇರ್ತದ ವಿದ್ಯಾ,” ಎಂದರು ಮಹಾಂತಪ್ಪ, ನೆಲ ನೋಡುತ್ತ.

ವಿದ್ಯಾವತಿ ಗಂಡನ ಹೆಗಲ ಮೇಲಿನಿಂದ ಬಾಗಿ, ಪರದೆಗೆ ಮುಖ ಕೊಟ್ಟು ತೀರ್ಪು ಓದಿದರು: “ಹ್ಯಾನ್ ಪಿತಾ ಕೊಕೊ ಲೊಮಾನ್.” ಇವರು ರಜೆಯನ್ನು ಪೂರ್ತಿ ತೆಗೆದುಕೊಳ್ಳುತ್ತಾರೆ. ಪೈವಿ ಮೊದಲ ಬಾರಿಗೆ ನಕ್ಕು, ನಿಮ್ಮ ಉಚ್ಚಾರಣೆ ತುಂಬಾ ಚೆನ್ನಾಗಿದೆ ಎಂದಳು. ವೈದ್ಯಕೀಯ ಪರೀಕ್ಷೆ ಪಾಸಾದ ದಿನದಿಂದೀಚೆಗೆ ವಿದ್ಯಾವತಿ ಅಷ್ಟು ಹಿಗ್ಗಿರಲಿಲ್ಲ. (ಆ ತೀರ್ಪೇ ಎರಡನೆಯ ತಪ್ಪು.)

ಜುಲೈ ಮೂರರಿಂದ ರಜೆ. ಮೂರು ಫ್ರಿಜ್ಜು ಕಂಡ ಪಟ್ಟಿಯನ್ನು ಮಹಾಂತಪ್ಪ ಎಂಟೇ ದಿನದಲ್ಲಿ ಮುಗಿಸಿದರು, ಗ್ಯಾರೇಜು, ಮಂಡಿ, ಗುರುಸಿದ್ದಪ್ಪ ಎಲ್ಲವೂ ಸೇರಿ. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ವಿದ್ಯಾವತಿ ಕಾಫಿ ಹಿಡಿದು ಕೂತಾಗ ಕುರ್ಚಿಯ ಹಿಂದೆ ಯಾರೋ ನಿಂತಂತಾಯಿತು.

“ಏನ್ ಓದಾಕತ್ತಿ?”

“ಪುಸ್ತಕ.”

“ಎಷ್ಟ್ ಪುಟ ಅದಾವ? ಅಲ್ಲಾ, ಕಾಫಿ ಇಷ್ಟ ತಡಾ ಮಾಡಿ ಕುಡೀತೀ ಏನು ದಿನಾ? ಡಿಶ್‌ವಾಶರ್ ನೋಡ್ದೆ. ನೀ ತಾಟು ಇಡೂ ಪದ್ಧತಿ ಸ್ಟ್ರಕ್ಚರಲೀ ಸರಿ ಇಲ್ಲ.”

ಎರಡು ವರ್ಷ ಎಂಟರಿಂದ ಐದರವರೆಗೆ ತಾವೂ ರಜೆಯಲ್ಲಿದ್ದುದು ವಿದ್ಯಾವತಿಗೆ ಆಗ ಹೊಳೆಯಿತು. ಯಾರಿಗೂ ಅರ್ಜಿ ಕೊಡದೆ ಸಿಕ್ಕಿದ್ದ ರಜೆ. ಅದನ್ನು ರದ್ದು ಮಾಡಿಸಿದ್ದು ತಮ್ಮದೇ ಫಿನ್ನಿಶ್.

ಅಂದು ಮಧ್ಯಾಹ್ನ ಪೈವಿಗೆ ಒಂದು ಪತ್ರ ಬರೆದರು. ಮೊದಲು ಅವಳೂರಿನ ಹವಾಮಾನ ವಿಚಾರಿಸಿದರು. ಆಮೇಲೆ, ಗಂಡನಂಥ ಅನುಭವಿ ಎಂಜಿನಿಯರಿಲ್ಲದೆ ಕಂಪನಿಗೆ ತೊಂದರೆಯಾಗುತ್ತಿರಬಹುದು, ಬೇಕಿದ್ದರೆ ಸೋಮವಾರವೇ ವಾಪಸು ಕರೆಸಿಕೊಳ್ಳಬಹುದು ಎಂದು ನಿವೇದಿಸಿಕೊಂಡರು. ಅರ್ಧ ನಿಮಿಷದಲ್ಲಿ ಉತ್ತರ ಬಂತು, ಯಂತ್ರವೇ ಕಳಿಸಿದ್ದು: “ಓಲೆನ್ ಲೊಮಲ್ಲಾ.” ರಜೆಯಲ್ಲಿದ್ದೇನೆ. ಆಗಸ್ಟಿನಲ್ಲಿ ಸಿಗುತ್ತೇನೆ. ಒಂದು ಪದಕ್ಕೂ ನಿಘಂಟು ಬೇಕಾಗಲಿಲ್ಲ.

ಅಡುಗೆಮನೆಯಿಂದ ಡಬ್ಬಿಗಳ ಸದ್ದು. “ವಿದ್ಯಾ! ಮಸಾಲಿ ಎಲ್ಲಾ ಅಕ್ಷರಮಾಲಿ ಪ್ರಕಾರ ಇಡಾಕತ್ತೀನಿ. ಜೀರಗಿ ‘ಜ’ದಾಗ ಇಡ್ಲೋ, ಕ್ಯುಮಿನ್ ಅಂತ ‘ಸಿ’ದಾಗ ಇಡ್ಲೋ?”

“ವೈಮೊ ಎಯ್ ತಿಯೆದಾ!” ಎಂದು ಗದರಿದರು ವಿದ್ಯಾವತಿ. ಹೆಂಡತಿಗೆ ಗೊತ್ತಿಲ್ಲ.

ಆಮೇಲೆ ದಡದಡ ಹೆಜ್ಜೆ. (ಮಂಡಿ ಈಗ ಸರಿಹೋಗಿತ್ತಲ್ಲ.) ಮಹಾಂತಪ್ಪ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಬಾಗಿಲಲ್ಲಿ ಬೆಳಗಿದರು.

“ಛಲೋ ಐಡಿಯಾ ವಿದ್ಯಾ! ಇನ್ನ ಮ್ಯಾಲೆ ಇಡೀ ದಿನ ಇಬ್ಬರೂ ಕೂತು ಫಿನ್ನಿಶ್‌ನಾಗ ಮಾತಾಡೂಣು. ಹೆಂಗೂ ಇನ್ನ ಎರಡೂವರಿ ವಾರ ಅದ!”